ದೆವ್ವ ಅಲ್ಲ, ಉಮ್ಮತ್ತಿ

ತಿಪ್ಪೆ ಪಕ್ಕದ ಉಮ್ಮತ್ತಿ ಬೀಜ ತಿಂದ ಕೂಸು ಬಡಬಡಿಸುತ್ತೆ, ಗಾಳಿಯಲ್ಲಿ ಏನನ್ನೋ ಹಿಡಿಯೋಕೆ ಹೋಗುತ್ತೆ. ನಾವು ದೆವ್ವ ಅಂತೀವಿ, ಬೇವಿನ ಸೊಪ್ಪಲ್ಲಿ ಹೊಡೀತೀವಿ. ಮೊದಲು ಕಣ್ಣು ನೋಡೋಣ. ಪಾಪೆ ಅಗಲ, ಬಾಯಿ ಒಣಗು, ಮುಖ ಕೆಂಪು. ಮೈ ಬೆವರಿಲ್ಲದೆ ಸುಡುತ್ತೆ, ನಾಡಿ ಓಡುತ್ತೆ, ಉಚ್ಚೆ ಕಟ್ಟುತ್ತೆ.

ಹಳದಿ ಕಣಗಿಲೆ ಬೀಜದ ದಾರಿ ಬೇರೆ. ವಾಂತಿ, ಆಮೇಲೆ ನಾಡಿ ನಿಧಾನ, ತಾಳ ತಪ್ಪುತ್ತೆ. ಮಾತಾಡ್ತಾ ಕೂತವರ ಗುಂಡಿಗೆಯೂ ನಿಂತುಬಿಡಬಹುದು.

ಕಣಗಿಲೆ ವಿಷಕ್ಕೆ ಡಾಕ್ಟರು ಕೊಡೋ ಅಟ್ರೋಪಿನ್ ಉಮ್ಮತ್ತಿಯೊಳಗೇ ಇರೋ ವಿಷ. ಅದಕ್ಕೇ ಯಾವ ಗಿಡ ಅಂತ ಅವರಿಗೆ ಗೊತ್ತಾಗಬೇಕು. ಉಪ್ಪುನೀರು, ಹೇಲುನೀರು ಕುಡಿಸಿ ವಾಂತಿ ಮಾಡಿಸೋದು ಬೇಡ. ತಿಂದ ಗಿಡದ ಕಾಯಿ, ಎಲೆ ಕಟ್ಟಿಕೊಂಡು, ತಿಂದ ಹೊತ್ತು ನೆನಪಿಟ್ಟುಕೊಂಡು ಆಸ್ಪತ್ರೆಗೆ ಓಡೋಣ. ರಜೆಗೆ ಊರಿಗೆ ಹೋದಾಗ ಅವ್ವಂದಿರಿಗೆ ಇಷ್ಟು ಹೇಳೋಣ.