ಜೇಡ ಮುನಿಯುವುದೇಕೆ?

(ಸಂಘದ ಉಚಿತ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



ಇಂದಿನ ವಿಷಯವನ್ನು ಫಲಕದ ಮೇಲೆ ಓದಿ ಕೆಲವರಿಗೆ ನಗು ಬಂದಿರಬಹುದು. ಪಗಾರ, ಮನೆ ಬಾಡಿಗೆ, ಮಕ್ಕಳ ಶಾಲೆ, ಬೆಳಗಿನ ಲೋಕಲಿನ ನೂಕುನುಗ್ಗಲು, ಇಷ್ಟೆಲ್ಲ ಚಿಂತೆ ಇರುವಾಗ ಜೇಡನ ಮಾತು ಯಾರಿಗೆ ಬೇಕು ಎಂದು. ಆದರೆ ಈ ವಿಷಯವನ್ನು ಆರಿಸಿದವರು ನಾವಲ್ಲ, ಸಂಜೆಯ ಹೊತ್ತು ಇಲ್ಲಿ ಓದಲು ಬರುವ ಹುಡುಗರು. ಅಂಗೈಯಗಲದ, ಮೈತುಂಬ ರೋಮವಿರುವ ಜೇಡಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವ ಹವ್ಯಾಸ ಈಚೆಗೆ ಪಟ್ಟಣಗಳಲ್ಲಿ ಹಬ್ಬಿದೆ. "ಯಾವ ಜಾತಿ ಸಾಧು, ಯಾವ ಜಾತಿ ಮುಂಗೋಪಿ?" ಎಂದು ಅವರು ಕೇಳಿದರು. ಪಕ್ಕದಲ್ಲಿ ಪತ್ರಿಕೆ ಓದುತ್ತಿದ್ದ ಹಿರಿಯರೊಬ್ಬರು, "ಅದರ ಸ್ವಭಾವ ಕಟ್ಟಿಕೊಂಡು ಏನಾಗಬೇಕು? ಕಂಡಲ್ಲಿ ಚಪ್ಪಲಿಯಿಂದ ಹೊಡೆದರಾಯಿತು" ಎಂದರು. ಒಬ್ಬರಿಗೆ ಸಾಕುವ ಆಸೆ, ಇನ್ನೊಬ್ಬರಿಗೆ ಕೊಲ್ಲುವ ಅವಸರ. ಇಬ್ಬರಿಗೂ ಕೊಡಬೇಕಾದ ಉತ್ತರ ಒಂದೇ ಎಂದು ನಮಗೆ ತೋರುತ್ತದೆ. ನಾವು ಗಿರಣಿಯ ಕಚೇರಿಯಲ್ಲಿ ಲೆಕ್ಕ ಬರೆಯುವವರು. ನಮ್ಮ ಓದು ಮೆಟ್ರಿಕ್ಕಿಗೇ ನಿಂತಿತು. ಇದು ಪಂಡಿತರ ಉಪನ್ಯಾಸವಲ್ಲ. ಓದಿ ತಿಳಿದುದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇವೆ, ಅಷ್ಟೆ.

ಮೊದಲು ಹೆಸರು. ಈ ದೊಡ್ಡ ಜೇಡಗಳಿಗೆ ಟರಾಂಟುಲಾ ಎನ್ನುತ್ತಾರೆ. ಇಟಲಿ ದೇಶದ ಟರಾಂಟೊ ಎಂಬ ಊರಿನಿಂದ ಬಂದ ಹೆಸರು ಅದು. ಆ ಸೀಮೆಯ ಹಳಬರು ಒಂದು ಬಗೆಯ ಜೇಡ ಕಚ್ಚಿದರೆ ಕುಣಿಕುಣಿದೇ ವಿಷ ಇಳಿಸಬೇಕೆಂದು ನಂಬಿದ್ದರು. ಆ ಜೇಡ ಬೇರೆ ಕುಲದ್ದು, ಅಂಥ ಅಪಾಯದ್ದೂ ಅಲ್ಲ. ಮುಂದೆ ಯುರೋಪಿನವರು ಹೊರದೇಶಗಳಲ್ಲಿ ರೋಮದ ದೊಡ್ಡ ಜೇಡಗಳನ್ನು ಕಂಡಾಗ ಅದೇ ಹೆಸರನ್ನು ಇವಕ್ಕೂ ಅಂಟಿಸಿದರು. ಹೆಸರಿನೊಡನೆ ಹೆದರಿಕೆಯೂ ಅಂಟಿಕೊಂಡಿತು. ನಮ್ಮ ಜನ ಈ ಪ್ರಾಣಿಯನ್ನು ಬೇರೆ ಕಣ್ಣಿನಿಂದ ನೋಡಿದ್ದಾರೆ. ಕನ್ನಡದಲ್ಲಿ ಜೇಡನೆಂದರೆ ನೇಕಾರನೂ ಹೌದು. ಜೇಡರ ದಾಸಿಮಯ್ಯನವರ ಹೆಸರಿನಲ್ಲಿರುವುದು ಆ ಅರ್ಥವೇ. ನಾವು ಅನ್ನ ಉಣ್ಣುತ್ತಿರುವ ಈ ನಾಡಿನ ಮರಾಠಿಯಲ್ಲಿ ಇದಕ್ಕೆ 'ಕೋಳಿ' ಎಂದು ಹೆಸರು. ನಮ್ಮ ಕೂಗುವ ಕೋಳಿಯಲ್ಲ, ಬಲೆ ಬೀಸುವ ಬೆಸ್ತನಿಗೂ ಅಲ್ಲಿ ಅದೇ ಮಾತು. ಎರಡು ಭಾಷೆಯವರೂ ಜೇಡನನ್ನು ದುಡಿದು ತಿನ್ನುವವನೆಂದೇ ಕಂಡರು.

ಇವು ಪರದೇಶದ ಪ್ರಾಣಿಗಳೇ ಎಂದರೆ, ಅಲ್ಲ. ನಮ್ಮ ಸಹ್ಯಾದ್ರಿಯಲ್ಲಿ ಹಲವು ಜಾತಿಗಳಿವೆ. ಮುಂಬಯಿಯಲ್ಲಿ 1883ರಲ್ಲಿ ಸ್ಥಾಪನೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಆರ್. ಐ. ಪೊಕಾಕ್ ಎಂಬ ಇಂಗ್ಲಿಷ್ ವಿದ್ವಾಂಸರು 1899ರಲ್ಲಿ ನಮ್ಮ ದೇಶದ ಅನೇಕ ದೊಡ್ಡ ಜೇಡಗಳನ್ನು ಮೊದಲ ಸಲ ವರ್ಣಿಸಿದರು. ಅವುಗಳಲ್ಲಿ ಒಂದು, ಕಲ್ಯಾಣಕ್ಕೆ ಸಮೀಪದ ಮಾಥೇರಾನದ್ದು. ಇನ್ನೊಂದು ನಮ್ಮ ಕರ್ನಾಟಕದ ಘಟ್ಟದ್ದು. ಈ ಎರಡನೆಯದಕ್ಕೆ ಅವರು ಕೊಟ್ಟ ಹೆಸರಿನಲ್ಲಿ 'ಟ್ರುಕುಲೆಂಟಸ್' ಎಂಬ ಲ್ಯಾಟಿನ್ ಪದವಿದೆ. ಉಗ್ರ, ಕ್ರೂರ ಎಂದು ಅದರ ಅರ್ಥ. ಪಾಪ, ಘಟ್ಟದ ಮಣ್ಣುಗೋಡೆಯಲ್ಲಿ ಬಿಲ ತೋಡಿಕೊಂಡು ಹುಳುಹುಪ್ಪಟೆ ಹಿಡಿದು ಬದುಕುವ ಜೀವಿಗೆ ಉಗ್ರನೆಂಬ ಬಿರುದು ಶಾಶ್ವತವಾಗಿ ಉಳಿಯಿತು.

ಈ ಬಿರುದು ಸರಿಯೇ? ಅದನ್ನು ತಿಳಿಯಬೇಕಾದರೆ ಜೇಡ ಏನು ಮಾಡುತ್ತದೆ, ಯಾವ ಕ್ರಮದಲ್ಲಿ ಮಾಡುತ್ತದೆ ಎಂಬುದನ್ನು ನೋಡಬೇಕು.

ಜೇಡನಿಗೆ ಕಣ್ಣು ಎಂಟಿದ್ದರೂ ನೋಟ ಮಂದ. ನೆಲದ ಅದುರು, ಗಾಳಿಯ ಅಲುಗು, ಇವುಗಳಿಂದಲೇ ಅದು ಲೋಕವನ್ನು ತಿಳಿಯುವುದು. ಮೈಮೇಲಿನ ರೋಮಗಳೇ ಅದರ ಕಿವಿ. ಹೆಜ್ಜೆಯ ಅದುರು ದೊಡ್ಡದಾದರೆ ಅದು ಮಾಡುವ ಮೊದಲ ಕೆಲಸ ಬಿಲದೊಳಕ್ಕೆ ಸರಿಯುವುದು. ಮಾಥೇರಾನದ ಜೇಡ ತನ್ನ ಬಿಲಕ್ಕೆ ರೇಷ್ಮೆ ಮತ್ತು ಮಣ್ಣಿನ ಮುಚ್ಚಳವನ್ನೇ ಮಾಡಿಕೊಂಡಿದೆ. ಹಗಲು ಬಾಗಿಲು ಮುಚ್ಚಿ ಒಳಗಿರುವುದು ಅದರ ಪದ್ಧತಿ. ಓಡಲು ದಾರಿಯಿಲ್ಲದಾಗ ಅದು ಕಾಲು ಮುದುರಿ ಅಲುಗಾಡದೆ ಕೂರುತ್ತದೆ. ಅದಕ್ಕೂ ಬಿಡದಿದ್ದರೆ ಮುಂಗಾಲುಗಳನ್ನು ಮೇಲೆತ್ತಿ ಎದೆ ಸೆಟೆಸಿ ನಿಲ್ಲುತ್ತದೆ. ಮರದ ಪೊಟರೆಗಳಲ್ಲಿರುವ ಪೊಯ್ಸಿಲೊಥೀರಿಯಾ ಎಂಬ ಗುಂಪಿನ ಕೆಲವು ಜೇಡಗಳಿಗೆ ಮುಂಗಾಲಿನ ಒಳಬದಿ ಅಚ್ಚ ಹಳದಿ ಬಣ್ಣ. ಕಾಲೆತ್ತಿದಾಗ ಮಾತ್ರ ಅದು ಫಕ್ಕನೆ ಕಾಣುತ್ತದೆ, ನಮ್ಮ ಸಿಗ್ನಲಿನ ಹಳದಿ ದೀಪದ ಹಾಗೆ. ಚಿಲೊಬ್ರಾಕಿಸ್ ಎಂಬ ಗುಂಪಿನವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸದ್ದು ಮಾಡುತ್ತವೆ. ಬಾಯಿಯ ಹತ್ತಿರದ ಗಟ್ಟಿ ಮುಳ್ಳುರೋಮಗಳನ್ನು ಒಂದಕ್ಕೊಂದು ಉಜ್ಜಿದಾಗ ಬುಸ್ಸೆಂಬ ಶಬ್ದ ಬರುತ್ತದೆ. ಅಸ್ಸಾಮಿನ ಇಂಥ ಜೇಡವೊಂದನ್ನು ವುಡ್-ಮೇಸನ್ ಎಂಬವರು 1877ರಲ್ಲಿ ವರ್ಣಿಸಿ, ಈ ಸದ್ದಿನಿಂದಲೇ ಅದಕ್ಕೆ ಹೆಸರಿಟ್ಟರು. ಇಷ್ಟಾದ ಮೇಲೂ ಕೈ ಮುಂದೆ ಬಂದರೆ ಮುಂಗಾಲಿನಿಂದ ಹೊಡೆಯುತ್ತದೆ. ಕಚ್ಚುವುದು ಕಟ್ಟಕಡೆಗೆ. ಆಗಲೂ ಕೆಲವೊಮ್ಮೆ ವಿಷ ಬಿಡದೆ ಬರಿದೆ ಕಚ್ಚುವುದುಂಟು. ವಿಷ ಅದಕ್ಕೆ ಬೇಟೆಯ ಬಂಡವಾಳ, ತಿನ್ನಲಾಗದ ಮನುಷ್ಯನ ಮೇಲೆ ಸುರಿದರೆ ನಷ್ಟವೇ.

ಕಾಲೆತ್ತಿ ನಿಲ್ಲುವುದಕ್ಕೆ ಮೈಕಟ್ಟಿನ ಕಾರಣವೂ ಇದೆ. ಮನೆಯ ಮೂಲೆಯಲ್ಲಿ ಬಲೆ ಕಟ್ಟುವ ಜೇಡನ ಕೋರೆಗಳು ಇಕ್ಕಳದಂತೆ ಎರಡು ಕಡೆಯಿಂದ ಕೂಡುತ್ತವೆ. ಈ ದೊಡ್ಡ ಜೇಡದ ಕೋರೆಗಳಾದರೋ ಪಿಕಾಸಿಯಂತೆ ಮೇಲಿನಿಂದ ಕೆಳಕ್ಕೆ ಬೀಳುತ್ತವೆ. ಪಿಕಾಸಿ ಹೊಡೆಯುವವನು ಮೊದಲು ಅದನ್ನು ಮೇಲೆತ್ತಬೇಕಲ್ಲವೆ? ಹಾಗೆಯೇ ಜೇಡವೂ ಮೈ ಮೇಲೆತ್ತದೆ ಚೆನ್ನಾಗಿ ಕಚ್ಚಲಾರದು. ಹೀಗಾಗಿ ಅದರ ಎಚ್ಚರಿಕೆ ಹುಸಿಯಲ್ಲ. ಹಾಗೆ ನಿಂತ ಜೇಡನ ಮುಂದೆ ಕೈ ಇಡುವುದು, ಎತ್ತಿದ ಪಿಕಾಸಿಯ ಕೆಳಗೆ ಪಾದವಿಟ್ಟಂತೆ.

ಇನ್ನು ಹುಡುಗರ ಪ್ರಶ್ನೆ: ಜಾತಿಯಿಂದ ಜಾತಿಗೆ ಸ್ವಭಾವ ಬೇರೆಯೇ? ಬೇರೆ ಉಂಟು. ಅಮೆರಿಕ ಖಂಡಗಳ ಹೆಚ್ಚಿನ ಜಾತಿಗಳಿಗೆ ಹೊಟ್ಟೆಯ ಮೇಲೆ ಚುಚ್ಚುವ ಸಣ್ಣ ರೋಮಗಳಿವೆ. ಹೆದರಿದಾಗ ಹಿಂಗಾಲಿನಿಂದ ಅವನ್ನು ಕೆರೆದು ಗಾಳಿಗೆ ತೂರುತ್ತವೆ. ಈ ಆಯುಧ ಇರುವುದರಿಂದ ಕಚ್ಚುವ ಪ್ರಸಂಗ ಕಡಿಮೆ, ವಿಷವೂ ಸೌಮ್ಯ. ಭಾರತ, ಆಫ್ರಿಕ ಮೊದಲಾದ ನಮ್ಮ ಕಡೆಯ ಜಾತಿಗಳಿಗೆ ಆ ರೋಮಗಳಿಲ್ಲ. ಇವಕ್ಕೆ ಇರುವುದು ವೇಗ ಮತ್ತು ಕೋರೆ, ಎರಡೇ. ಆದಕಾರಣ ಬೇಗ ಕಚ್ಚುತ್ತವೆ. ವಿಷವೂ ಹೆಚ್ಚು ನೋವಿನದು. ಪೊಯ್ಸಿಲೊಥೀರಿಯಾ ಕಚ್ಚಿದರೆ ಸಾವು ಬಾರದಿದ್ದರೂ ನೋವು, ಬಾವು, ಮತ್ತೆ ಕೆಲವು ಗಂಟೆಗಳ ಮೇಲೆ ಮೈಯ ಸ್ನಾಯುಗಳು ಸೆಳೆದುಕೊಳ್ಳುವ ಬಾಧೆ ಬರಬಹುದು. ದಿನಗೂಲಿಯವನಿಗೆ ಅದೇನು ಸಣ್ಣ ಮಾತಲ್ಲ.

ಹಾಗಾದರೆ ಅಮೆರಿಕದ ಸಾಧು ಜೇಡ ನಿರಪಾಯವೇ? ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ 2009ರಲ್ಲಿ ಒಬ್ಬ ಯುವಕ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆಂದು ಆಸ್ಪತ್ರೆಗೆ ಹೋದ. ಔಷಧಕ್ಕೆ ಬಗ್ಗಲಿಲ್ಲ. ವೈದ್ಯರು ಸೂಕ್ಷ್ಮವಾಗಿ ನೋಡಿದಾಗ ಕಣ್ಣಿನ ಪಾರದರ್ಶಕ ಪೊರೆಯಲ್ಲಿ ಕೂದಲೆಳೆಗಳು ನಾಟಿಕೊಂಡಿದ್ದುವು. ಮನೆಯಲ್ಲಿ ಸಾಕಿದ ಚಿಲಿ ದೇಶದ ಜೇಡದ ಪೆಟ್ಟಿಗೆ ತೊಳೆಯುವಾಗ ಅದು ತೂರಿದ ರೋಮಗಳವು. ಸಾಕುವವರೆಲ್ಲ ಬಲು ಸಾಧುವೆಂದು ಹೇಳುವ ಜಾತಿಯೇ ಅದು. ಜಾತಿ ಸಾಧುವಾದರೂ ಅಂದಿನ ಗಳಿಗೆ ಸಾಧುವಾಗಿರಲಿಲ್ಲ.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜೇಡ ಬೆಳೆಯುವುದು ಹಾವಿನಂತೆ ಪೊರೆ ಕಳಚಿ. ಅಂಗಾತ ಮಲಗಿ ಗಂಟೆಗಟ್ಟಲೆ ಕಷ್ಟಪಟ್ಟು ಹಳೆಯ ಚರ್ಮದಿಂದ ಹೊರಬರುತ್ತದೆ. ಸತ್ತಿತೆಂದು ಎಸೆದವರೂ ಉಂಟು. ಹೊಸ ಚರ್ಮ, ಹೊಸ ಕೋರೆ ಗಟ್ಟಿಯಾಗುವವರೆಗೆ ಅದು ನಿರಾಯುಧ. ಆಗ ಮುಟ್ಟಿದರೆ ನಿನ್ನೆಯ ಸಾಧು ಇಂದು ಕಾಲೆತ್ತಿ ನಿಲ್ಲುತ್ತದೆ. ಮೊಟ್ಟೆಯ ಚೀಲ ಕಾಯುವ ತಾಯಿಯ ಮಾತಂತೂ ಹೇಳಬೇಕಾಗಿಲ್ಲ. ಅದರ ಹೊಟ್ಟೆಯೋ ಬಹಳ ಮೆದು. ಮನುಷ್ಯನ ಕೈಯಿಂದ ನೆಲಕ್ಕೆ ಬಿದ್ದರೆ ಒಡೆದು ಸಾಯಬಹುದು. ನಮಗೆ ಅದರ ಕೋರೆ ಕಾಣುತ್ತದೆ, ಅದರ ಹೊಟ್ಟೆ ಕಾಣುವುದಿಲ್ಲ. ಅದು ಮುನಿಯುತ್ತದೆ ಎನ್ನುತ್ತೇವೆ. ನಿಜವಾಗಿ ಅದು ಅಂಜುತ್ತದೆ. ಮುನಿಸು ಎಂದು ಹೆಸರಿಟ್ಟವರು ನಾವು.

ಈಗ ವ್ಯಾಪಾರದ ಸಂಗತಿ. ಸಾಧುವೆಂದು ಹೆಸರಾದ ಮೆಕ್ಸಿಕೋದ ಕೆಂಪು ಮೊಣಕಾಲಿನ ಜೇಡವನ್ನು ಸಾಕುವವರಿಗಾಗಿ ಎಷ್ಟು ಹಿಡಿದರೆಂದರೆ, 1985ರಲ್ಲೇ ಅದನ್ನು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಬೇಕಾಯಿತು. ಮುಂಗೋಪಿಗಳೆಂದು ಹೆಸರಾದ ನಮ್ಮ ಪೊಯ್ಸಿಲೊಥೀರಿಯಾಗಳನ್ನು ಅವುಗಳ ಕೋಪವೂ ಕಾಪಾಡಲಿಲ್ಲ. ಚೆಲುವೇ ಅವಕ್ಕೆ ಶತ್ರುವಾಯಿತು. 2019ರಲ್ಲಿ ಅವೂ ಆ ಪಟ್ಟಿಗೆ ಸೇರಿದುವು.

ಅವುಗಳಲ್ಲಿ ಅತಿ ಸುಂದರವಾದದ್ದು ನೀಲಿ ಬಣ್ಣದ್ದು. ಅದರ ಕಥೆ ನಮ್ಮಂಥವರಿಗೆ ತಟ್ಟುವಂಥದು. ಕಲ್ಯಾಣದಿಂದ ಪುಣೆ, ಸೊಲ್ಲಾಪುರ, ರಾಯಚೂರು, ಗುಂತಕಲ್ ಹಾದು ಚೆನ್ನೈ ಕಡೆಗೆ ಹೋಗುವ ಹಳಿಯ ಮೇಲೆ ಗುತ್ತಿ ಎಂಬ ಸ್ಟೇಷನ್ ಇದೆ. ನಮ್ಮಲ್ಲಿ ಅನೇಕರು ಆ ಹಳಿ ಹಿಡಿದೇ ಇಲ್ಲಿಗೆ ಬಂದವರು. ಅಲ್ಲಿನ ರೈಲ್ವೆಯ ಮರದ ಅಂಗಳದಲ್ಲಿ ಸಿಕ್ಕ ಒಂದು ನೀಲಿ ಜೇಡವನ್ನು ಪೊಕಾಕರು 1899ರಲ್ಲಿ ವರ್ಣಿಸಿದರು. ಆಮೇಲೆ ನೂರು ವರ್ಷ ಅದರ ಸುಳಿವಿಲ್ಲ. 2001ರಲ್ಲಿ ಗುತ್ತಿಯಿಂದ ಬಹುದೂರ, ನಂದ್ಯಾಲ ಮತ್ತು ಗಿದ್ದಲೂರಿನ ನಡುವಣ ಕಾಡಿನಲ್ಲಿ ಮತ್ತೆ ಸಿಕ್ಕಿತು. ಮೊದಲನೆಯದು ಮರದ ದಿಮ್ಮಿಯೊಳಗೆ ಕೂತು ರೈಲಿನಲ್ಲಿ ಗುತ್ತಿಗೆ ಬಂದಿರಬೇಕೆಂದು ತಿಳಿದವರ ಊಹೆ. ಟಿಕೆಟಿಲ್ಲದ ಪ್ರಯಾಣಿಕನ ಹೆಸರಿಗೆ ಇಳಿದ ಸ್ಟೇಷನ್ನಿನ ಹೆಸರೇ ಅಂಟಿಕೊಂಡಿತು. ಹೊರದೇಶದವರು ಇಂದಿಗೂ ಗುತ್ತಿಯ ಜೇಡವೆಂದೇ ಕರೆಯುತ್ತಾರೆ. ಇದರ ಕಾಡು ಬಲು ಚಿಕ್ಕದು. ಮರ ಕಡಿತದಿಂದ ಅದೂ ಕ್ಷೀಣಿಸಿದೆ. ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿ 2008ರಲ್ಲಿ ಇದನ್ನು ಸೇರಿಸಿದರು. ಆದರೆ ಪರದೇಶದ ಗಾಜಿನ ಪೆಟ್ಟಿಗೆಗಳಲ್ಲಿ ಇದು ಬೇಕಾದಷ್ಟಿದೆ. ಊರಿನಲ್ಲಿ ಇಲ್ಲದವನು ಪರಊರಿನಲ್ಲಿ ಮಾತ್ರ ಉಳಿದರೆ ಅದನ್ನು ಉಳಿವು ಎನ್ನಬಹುದೇ?

ಹುಡುಗರಿಗೆ ಇನ್ನೊಂದು ಮಾತು. 2021ರ ಜುಲೈಯಲ್ಲಿ ಪೋಲೆಂಡ್ ದೇಶದಿಂದ ಅಂಚೆಯಲ್ಲಿ ಬಂದ ಪಾರ್ಸೆಲನ್ನು ಚೆನ್ನೈಯ ಕಸ್ಟಮ್ಸಿನವರು ಬಿಚ್ಚಿದರು. ಹತ್ತಿ ಮತ್ತು ಬೆಳ್ಳಿಹಾಳೆಯಲ್ಲಿ ಸುತ್ತಿದ ಸಣ್ಣ ಸೀಸೆಗಳಲ್ಲಿ 107 ಜೀವಂತ ಜೇಡಗಳಿದ್ದುವು. ಹೀಗೆ ತರಿಸುವುದು ಅಪರಾಧ. 1972ರ ವನ್ಯಜೀವಿ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಆ ಅಂತರರಾಷ್ಟ್ರೀಯ ಪಟ್ಟಿಯ ಪ್ರಾಣಿಯನ್ನು ಇಟ್ಟುಕೊಂಡವರು ಸರಕಾರದಲ್ಲಿ ನೋಂದಣಿ ಮಾಡಿಸಬೇಕು. ಹೆಣ್ಣು ಜೇಡ ಹತ್ತು ಹದಿನೈದು ವರ್ಷ, ಅದಕ್ಕೂ ಹೆಚ್ಚು ಬಾಳಬಹುದು. ಒಂದೇ ಕೋಣೆಯಲ್ಲಿ ಅಜ್ಜಿ, ಕೂಸು, ಸ್ಟವ್ ಎಲ್ಲ ಇರುವ ನಮ್ಮ ಚಾಳುಗಳಲ್ಲಿ ಅಂಥ ಅತಿಥಿಗೆ ನೆಮ್ಮದಿಯ ಜಾಗವೆಲ್ಲಿ? ಸ್ಟೂಲು ಎಳೆದ ಸದ್ದೂ ಅದಕ್ಕೆ ಭೂಕಂಪ.

ಚಪ್ಪಲಿ ಎತ್ತುವ ಹಿರಿಯರಿಗೂ ಒಂದು ಬಿನ್ನಹ. ಮಳೆಗಾಲದಲ್ಲಿ ಚಾಳಿನ ಗೋಡೆಯ ಮೇಲೆ ಕಾಣುವ ಚಪ್ಪಟೆ ಮೈಯ, ಉದ್ದ ಕಾಲಿನ, ಕೆಲವೊಮ್ಮೆ ಹೊಟ್ಟೆಯಡಿ ಬಿಲ್ಲೆಯಂಥ ಮೊಟ್ಟೆಚೀಲ ಹೊತ್ತ ಜೇಡ ಟರಾಂಟುಲಾ ಅಲ್ಲವೇ ಅಲ್ಲ. ಅದು ಜಿರಲೆ ತಿನ್ನುವ ಉಪಕಾರಿ. ಸಂಬಳವಿಲ್ಲದ ರಾತ್ರಿಪಾಳಿಯ ಕಾವಲುಗಾರ. ನಿಜವಾದ ದೊಡ್ಡ ಜೇಡ ಕಾಣಬಹುದಾದದ್ದು ಠಾಣೆಯ ಯೇವೂರ್, ಕಲ್ಯಾಣದಾಚೆಯ ಮಲಂಗಗಡ, ನವಿಮುಂಬಯಿಯ ಖಾರ್‌ಘರ್ ಇಂಥ ಗುಡ್ಡಗಳ ಮಗ್ಗುಲಿನ ವಸತಿಗಳಲ್ಲಿ. ಬಂದರೂ ಬಹುಮಟ್ಟಿಗೆ ಹೆಣ್ಣನ್ನು ಹುಡುಕಿ ಹೊರಟ ಗಂಡು, ಇಲ್ಲವೆ ಮಣ್ಣು ಅಗೆದಾಗ ಮನೆ ಕಳೆದುಕೊಂಡದ್ದು. ಅಗಲ ಬಾಯಿಯ ಡಬ್ಬಿಯನ್ನು ಮೆಲ್ಲಗೆ ಅದರ ಮೇಲೆ ಕವುಚಿ, ಕೆಳಗೆ ಗಟ್ಟಿ ರಟ್ಟು ತೂರಿಸಿ, ಗುಡ್ಡದ ಅಂಚಿನಲ್ಲಿ ಬಿಟ್ಟುಬಿಡಿ. ಕೈಯಿಂದ ಹಿಡಿಯಕೂಡದು, ಕಡ್ಡಿಯಿಂದ ಚುಚ್ಚಕೂಡದು. ಗುಡ್ಡದ ಬದಿಯಲ್ಲಿ ಇರುವವರು ಬೂಟು ಹಾಕುವ ಮೊದಲು ಕೊಡವಿಕೊಳ್ಳಿ.

ಕಚ್ಚಿದರೆ? ಸಾಬೂನು ನೀರಿನಿಂದ ಗಾಯ ತೊಳೆದು, ತಣ್ಣೀರ ಬಟ್ಟೆ ಇಟ್ಟು, ಡಾಕ್ಟರ ಬಳಿಗೆ ಹೋಗಿ. ಕಚ್ಚಿದ್ದನ್ನು ಕಣ್ಣಾರೆ ಕಾಣದಿದ್ದರೆ ಹಾವೇ ಇರಬಹುದೆಂದು ತಿಳಿದು ತಡಮಾಡದೆ ದೊಡ್ಡ ಆಸ್ಪತ್ರೆಗೆ ಓಡಿ. ಕಲ್ಯಾಣದಲ್ಲಿ ರುಕ್ಮಿಣಿಬಾಯಿ ಆಸ್ಪತ್ರೆ, ಡೊಂಬಿವಲಿಯಲ್ಲಿ ಶಾಸ್ತ್ರಿನಗರ ಆಸ್ಪತ್ರೆ, ಎರಡೂ ಮಹಾನಗರಪಾಲಿಕೆಯವು. ಮಂತ್ರ, ಬ್ಲೇಡು, ಕಟ್ಟು ಬೇಡವೇ ಬೇಡ. 2012ರಲ್ಲಿ ಅಸ್ಸಾಮಿನ ಸದಿಯಾದಲ್ಲಿ ಜೇಡ ಕಚ್ಚಿ ಇಬ್ಬರು ಸತ್ತರೆಂದು ಸುದ್ದಿ ಹಬ್ಬಿ ಊರೇ ನಡುಗಿತು. ಜೇಡನ ವಿಷದಿಂದಲೇ ಸತ್ತರೆಂಬುದು ರುಜುವಾತಾಗಲಿಲ್ಲ. ಕಚ್ಚಿಸಿಕೊಂಡವರು ಮಾಂತ್ರಿಕರಲ್ಲಿಗೆ ಹೋಗಿ ಗಾಯವನ್ನು ಕುಯ್ಯಿಸಿಕೊಂಡಿದ್ದರೆಂದು ಮಾತ್ರ ವರದಿಯಾಯಿತು.

ಮಹನೀಯರೇ, ಸಾಧು ಯಾವುದು, ಮುಂಗೋಪಿ ಯಾವುದು ಎಂಬ ಪ್ರಶ್ನೆಗೆ ನಮ್ಮ ಉತ್ತರ ಇಷ್ಟೇ: ಹಿಂದೆ ಸರಿಯಲು ದಾರಿ ಇರುವ ಜೇಡ ಸಾಧು, ಮೂಲೆಗೆ ಒತ್ತಿದ ಜೇಡ ಮುಂಗೋಪಿ. ಜಾತಿಯ ಹೆಸರು ನೋಡುವ ಮೊದಲು ಅದರ ಹಿಂದೆ ದಾರಿ ಬಿಟ್ಟಿದ್ದೇವೆಯೇ ಎಂದು ನೋಡೋಣ. ಹುಡುಗರು ಜೇಡವನ್ನು ತರಿಸುವ ದುಡ್ಡಿನಲ್ಲಿ ಒಂದು ಟಾರ್ಚು ಕೊಳ್ಳಲಿ. ಮಳೆ ನಿಂತ ಮೇಲೆ ಬಲ್ಲವರೊಡನೆ, ಅನುಮತಿ ಇರುವ ಗುಡ್ಡದ ದಾರಿಯಲ್ಲಿ, ನಾಲ್ಕು ಮಾರು ದೂರದಿಂದ ಬಿಲದ ಬಾಯಿಯನ್ನು ನೋಡಿ ಬರಲಿ. ಬರಬೇಕೆನ್ನುವವರು ವಾಚನಾಲಯದ ಮೇಜಿನ ಮೇಲಿರುವ ಪುಸ್ತಕದಲ್ಲಿ ಹೆಸರು ಬರೆದುಹೋಗಿ.