ಬೀಟಾ ಅಂದ್ರೆ ಎಂತ ಮಾರಾಯ?

(ವಿಡಿಯೋದಲ್ಲಿ ಆಡಿದ ಮಾತಿನ ಬರಹ ರೂಪ ಇದು. ಓದೋದಕ್ಕೆ ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)



ಇಲ್ಲಿ ಕೂತಿರೋರಲ್ಲಿ ಮುಕ್ಕಾಲು ಪಾಲು ಸಾಫ್ಟ್‌ವೇರ್‌ನವರೇ ಅಂತ ಗೊತ್ತು. ಐರೋಲಿಯಿಂದ, ಪೊವಾಯಿಯಿಂದ ಬಂದಿದ್ದೀರಿ. ಇಬ್ಬರು ಬೆಳಗ್ಗೆ ಬೇಗ ಎದ್ದು ಪುಣೆಯಿಂದ ರೈಲು ಹಿಡಿದು ಬಂದಿದ್ದಾರೆ. ಭಾನುವಾರ ಮಾಟುಂಗಕ್ಕೆ ಬರೋದಕ್ಕೆ ನಮಗೆ ಒಂದು ನೆಪ ಸಾಕು ಬಿಡಿ. ನಾನು ಮಾತು ಉದ್ದ ಮಾಡಿದ್ರೆ ಅಷ್ಟರಲ್ಲಿ ರಾಮ ನಾಯಕರ ಬೋರ್ಡಿಂಗ್ ಮುಂದೆ ಕ್ಯೂ ಬೆಳೆದಿರತ್ತೆ. ಹಾಗಾಗಿ ನೇರ ವಿಷಯಕ್ಕೆ ಬರ್ತೀನಿ.

ಇವತ್ತು ಒಂದು ತಪ್ಪಿನ ಕಥೆ ಹೇಳ್ಬೇಕು. ತಪ್ಪು ನನ್ನದೇ. ಇನ್ನೂ ಮುಗಿಯದ ಸಾಫ್ಟ್‌ವೇರನ್ನ ಒಬ್ಬರ ಕೈಗೆ ಕೊಟ್ಟೆ, ಮೇಲೆ 'ಬೀಟಾ' ಅಂತ ಬರೆದೆ, ನನ್ನ ಜವಾಬ್ದಾರಿ ಮುಗೀತು ಅಂದ್ಕೊಂಡೆ. ಮುಗಿದಿರಲಿಲ್ಲ.

ನಾನು ಸಾಗರದ ಕಡೆಯವನು. ಮುಂಬಯಿಗೆ ಬಂದು ಹನ್ನೊಂದು ವರ್ಷ ಆಯ್ತು. ಬಂದ ಹೊಸದರಲ್ಲಿ ಕನ್ನಡ ಕೇಳ್ಬೇಕು ಅನ್ನಿಸಿದಾಗೆಲ್ಲ ಮಾಟುಂಗಕ್ಕೆ ಬರ್ತಿದ್ದೆ. ಮೈಸೂರು ಅಸೋಸಿಯೇಷನ್ 1926ರಿಂದ ಇಲ್ಲಿದೆ. ನಾಟಕ, ಸಂಗೀತ, ಉಪನ್ಯಾಸ ಅಂತ ಈ ಸುತ್ತಮುತ್ತ ಏನಾದ್ರೂ ಒಂದು ನಡೀತಾನೇ ಇರತ್ತೆ. ಅಂಥ ಕಾರ್ಯಕ್ರಮಗಳಲ್ಲಿ ಹಿಂದಿನ ಸಾಲಿನಲ್ಲಿ ಟ್ರೈಪಾಡ್ ಇಟ್ಟುಕೊಂಡು ಒಬ್ಬ ಹಿರಿಯರು ನಿಂತಿರ್ತಿದ್ರು. ಕಾರ್ಕಳದವರು, ಬ್ಯಾಂಕಿನಿಂದ ನಿವೃತ್ತರಾದವರು. ಮದುವೆ, ಮುಂಜಿಗಳಿಗೆ ವಿಡಿಯೋ ಮಾಡ್ತಾ ಕ್ಯಾಸೆಟ್ ಕಾಲದಲ್ಲಿ ಕಲಿತ ಹವ್ಯಾಸ ಅದು. ನಾನವರನ್ನ ಮಾಮ ಅಂತಲೇ ಕರೆಯೋದು. ಇವತ್ತೂ ಹೆಸರು ಹೇಳೋದಿಲ್ಲ, ಅವರಿಗೆ ಇಷ್ಟ ಆಗಲ್ಲ.

ಮಾಮನ ತಲೆನೋವು ಎರಡು. ಒಂದು, ಕಾರ್ಯಕ್ರಮ ಮುಗಿದ ಮೇಲೆ ಕ್ಯಾಮೆರಾ ಕಾರ್ಡ್‌ನಿಂದ ಹಾರ್ಡ್‌ಡಿಸ್ಕ್‌ಗೆ ಎಲ್ಲ ಕಾಪಿ ಮಾಡಿ, ತಾರೀಕಿನ ಪ್ರಕಾರ ಜೋಡಿಸಿಡೋದು. ಇನ್ನೊಂದು, ಕನ್ನಡದಲ್ಲಿ ಟೈಟಲ್ ಹಾಕೋದು. ಎರಡನೆಯದು ನಮಗೆಲ್ಲ ಗೊತ್ತಿರೋ ಕಷ್ಟ. ನುಡಿ, ಬರಹದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಒಂದು ಕಡೆ ಸರಿ ಕಂಡ್ರೆ ಇನ್ನೊಂದು ಕಡೆ ಇಂಗ್ಲಿಷ್ ಅಕ್ಷರಗಳ ಕಸ ಆಗತ್ತೆ. ಯೂನಿಕೋಡ್‌ನಲ್ಲಿ ಬರೆದ್ರೆ, ಅಕ್ಷರಗಳನ್ನ ಕೂಡಿಸಿ ಒತ್ತು ಕಟ್ಟೋ ಕೆಲಸ ವಿಡಿಯೋ ಎಡಿಟರ್‌ಗೆ ಬರಬೇಕು. ಬರದಿದ್ರೆ 'ವಿಶ್ವೇಶ್ವರಯ್ಯ' ಅನ್ನೋ ಹೆಸರಿನ ಒತ್ತುಗಳೆಲ್ಲ ಕಳಚಿ ಸಾಲಾಗಿ ನಿಂತ್ಕೊಳ್ತವೆ. ಅಡೋಬಿ ಪ್ರೀಮಿಯರ್‌ನಂಥ ದೊಡ್ಡ ಸಾಫ್ಟ್‌ವೇರ್‌ನಲ್ಲೇ ಇದಕ್ಕೆ ಸೆಟಿಂಗ್ಸ್ ಒಳಗೆ ಹೋಗಿ ದಕ್ಷಿಣ ಏಷ್ಯಾದ ಲಿಪಿಗಳ ಟೆಕ್ಸ್ಟ್ ಎಂಜಿನ್ ಆರಿಸಿಕೊಳ್ಳಬೇಕು. ಎಪ್ಪತ್ತು ದಾಟಿದವರಿಗೆ ಯಾರು ಹೇಳ್ತಾರೆ ಅದನ್ನ?

ನಾನು ಹೇಳ್ದೆ, "ಮಾಮ, ನಾನೇ ಒಂದು ಮಾಡ್ಕೊಡ್ತೀನಿ."

ಶನಿವಾರ, ಭಾನುವಾರ ಕೂತು ಮಾಡಿದೆ. ಕನ್ನಡ ಸಬ್‌ಟೈಟಲ್ ಕೂರಿಸೋದಕ್ಕೆ ಎಫ್‌ಎಫ್‌ಎಂಪೆಗ್ ಮತ್ತು ಲಿಬ್‌ಆಸ್ ಬಳಸಿದೆ. ಒತ್ತಕ್ಷರ ಚೆನ್ನಾಗೇ ಬಂತು. ಅದರ ಖುಷಿಯಲ್ಲಿ ಕಾರ್ಡ್ ಕಾಪಿ ಮಾಡೋ ಭಾಗವನ್ನ ಒಂದೇ ಸಂಜೆಯಲ್ಲಿ ಬರೆದು ಮುಗಿಸಿದೆ. ಕಾರ್ಡ್ ಹಾಕಿ, ಒಂದು ಬಟನ್ ಒತ್ತಿ, ಹಸಿರು ಟಿಕ್ ಬಂದ್ರೆ ಕೆಲಸ ಆಯ್ತು. ಓಪನ್ ಮಾಡಿದ ತಕ್ಷಣ ಕೆಂಪು ಅಕ್ಷರದಲ್ಲಿ 'ಬೀಟಾ' ಅಂತ ಬರೋ ಹಾಗೆ ಮಾಡಿದ್ದೆ. ಮಾಮನ ಲ್ಯಾಪ್‌ಟಾಪ್‌ಗೆ ಹಾಕಿಕೊಟ್ಟಾಗ ಅವರು ಅದನ್ನ ನೋಡಿ, "ಓ, ಬೀಟಾವಾ? ಭಾರೀ ಒಳ್ಳೇದಾಯ್ತು" ಅಂದ್ರು. ಅವರಿಗೆ ಅರ್ಥ ಆಯ್ತು ಅಂತ ನಾನು ತಿಳ್ಕೊಂಡೆ.

ಎರಡು ತಿಂಗಳು ಚೆನ್ನಾಗೇ ನಡೀತು.

ಆಮೇಲೆ ಮಾಮ ಒಬ್ಬ ಹಿರಿಯರ ಸಂದರ್ಶನ ಮಾಡಿದ್ರು. ಅವರಿಗೆ ಎಂಬತ್ತನಾಲ್ಕು ವರ್ಷ. ಹುಡುಗನಾಗಿದ್ದಾಗ ಕುಂದಾಪುರದ ಕಡೆಯಿಂದ ಬೊಂಬಾಯಿಗೆ ಬಂದು, ಹಗಲು ಹೋಟೆಲ್‌ನಲ್ಲಿ ಗ್ಲಾಸು ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು. ಆಗ ಮುಂಬಯಿಯ ಎಷ್ಟೋ ಹೋಟೆಲ್ ಹುಡುಗರಿಗೆ ರಾತ್ರಿ ಶಾಲೆಯೇ ಶಾಲೆ. ಇವರು ಅಲ್ಲೇ ನಾಟಕ ಕಲಿತು, ನಲವತ್ತು ವರ್ಷ ಬಣ್ಣ ಹಚ್ಚಿದ್ರು. ಮಾತಾಡಿದ್ದು ಐವತ್ತೆರಡು ನಿಮಿಷ. ಒಂದೇ ಓಟದಲ್ಲಿ, ಎಲ್ಲೂ ಕ್ಯಾಮೆರಾ ನಿಲ್ಲಿಸದೆ ಹಿಡಿದಿದ್ರು ಮಾಮ.

ಮನೆಗೆ ಬಂದು ಕಾರ್ಡ್ ಹಾಕಿದ್ರು, ಬಟನ್ ಒತ್ತಿದ್ರು, ಹಸಿರು ಟಿಕ್ ಬಂತು. ಕ್ಯಾಮೆರಾದಲ್ಲಿ ಕಾರ್ಡ್ ಫಾರ್ಮ್ಯಾಟ್ ಮಾಡಿ, ಮಾರನೇ ದಿನ ಅದೇ ಕಾರ್ಡ್‌ನಲ್ಲಿ ಒಂದು ನಾಮಕರಣ ಶೂಟ್ ಮಾಡಿದ್ರು. ಮೂರನೇ ದಿನ ನನಗೆ ಫೋನ್ ಬಂತು: "ಫೈಲ್ ಓಪನ್ ಆಗ್ತಾ ಇಲ್ಲ ಮಾರಾಯ."

ಆಗಿದ್ದೇನು ಅಂದ್ರೆ, ಮಾಮನ ಹಳೇ ಹಾರ್ಡ್‌ಡಿಸ್ಕ್ ಫ್ಯಾಟ್32 ಫಾರ್ಮ್ಯಾಟ್‌ನದ್ದು. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟೋ ಹಾಗಿಲ್ಲ. ಕ್ಯಾಮೆರಾ ಸೆಕೆಂಡಿಗೆ 50 ಮೆಗಾಬಿಟ್ ಬರೀತಿತ್ತು. ಆ ಲೆಕ್ಕದಲ್ಲಿ 4 ಜಿಬಿ ಅಂದ್ರೆ ಸುಮಾರು 11 ನಿಮಿಷ. ಅಲ್ಲಿಗೆ ಕಾಪಿ ನಿಂತಿತು, ಆಪರೇಟಿಂಗ್ ಸಿಸ್ಟಮ್ ಎರರ್ ಕೊಟ್ಟಿತು. ನನ್ನ ಕೋಡ್ ಆ ಎರರನ್ನ ಲಾಗ್ ಫೈಲ್‌ನಲ್ಲಿ ಬರೆದುಕೊಂಡು ಮುಂದೆ ಹೋಯ್ತು. ಹಸಿರು ಟಿಕ್ ಕೊಡೋ ಮುಂಚೆ ನಾನು ನೋಡ್ತಿದ್ದದ್ದು ಒಂದೇ: ಆ ಹೆಸರಿನ ಫೈಲ್ ಅಲ್ಲಿ ಇದೆಯಾ? ಇತ್ತು. ಸೈಜ್ ಎಷ್ಟು ಅಂತ ನೋಡಲಿಲ್ಲ. ಚೆಕ್‌ಸಮ್ ಅಂತೂ ದೂರದ ಮಾತು. ನಾನು ಟೆಸ್ಟ್ ಮಾಡಿದ್ದು ನನ್ನ ಫೋನಿನ ಎರಡೆರಡು ನಿಮಿಷದ ಕ್ಲಿಪ್‌ಗಳಲ್ಲಿ. ಮಾಮ ಅಲ್ಲಿಯವರೆಗೆ ಹಿಡಿದಿದ್ದ ತುಣುಕುಗಳೂ ಚಿಕ್ಕವೇ. ಎರಡು ತಿಂಗಳು ಚೆನ್ನಾಗಿ ನಡೆದದ್ದು ಅದಕ್ಕೆ.

ಉಳಿದ ಆ 11 ನಿಮಿಷವೂ ಓಪನ್ ಆಗಲಿಲ್ಲ. ಎಂಪಿ4 ಫೈಲ್‌ನಲ್ಲಿ ಯಾವ ಫ್ರೇಮ್ ಎಲ್ಲಿದೆ ಅನ್ನೋ ಸೂಚಿಯನ್ನ ಕ್ಯಾಮೆರಾ ಸಾಮಾನ್ಯವಾಗಿ ಕೊನೆಯಲ್ಲಿ ಬರೆಯತ್ತೆ. ಬಾಲ ಕತ್ತರಿಸಿ ಹೋದ್ರೆ ಸೂಚಿಯೂ ಹೋಯ್ತು. ಅದೇ ಕ್ಯಾಮೆರಾದ ಇನ್ನೊಂದು ಸರಿಯಾದ ಫೈಲ್ ಇಟ್ಟುಕೊಂಡು ಎರಡು ರಾತ್ರಿ ರಿಪೇರಿ ಮಾಡಿ, 11 ನಿಮಿಷ ವಾಪಸ್ ತಂದೆ. ಕಾರ್ಡ್‌ನಿಂದ ತೆಗೆಯೋಣ ಅಂದ್ರೆ, ಹಿರಿಯರ ಮಾತಿನ ಮೇಲೆ ನಾಮಕರಣದ ಮಗು ಮಲಗಿತ್ತು. ನಲವತ್ತೊಂದು ನಿಮಿಷ ಹೋಯ್ತು.

ಮಾಮನ ಮನೆಗೆ ಹೋದೆ. ಬೈತಾರೆ ಅಂದ್ಕೊಂಡಿದ್ದೆ, ಬೈಲಿಲ್ಲ. ನಾನೇ ಬಾಯ್ಬಿಟ್ಟೆ, "ಮಾಮ, ಬೀಟಾ ಅಂತ ಬರೆದಿದ್ದೆನಲ್ಲ..." ಅಂತ. ಅದು ಕ್ಷಮೆ ಕೇಳೋ ಮಾತಲ್ಲ, ಜಾರಿಕೊಳ್ಳೋ ಮಾತು. ಹೇಳುವಾಗಲೇ ನನಗೆ ಗೊತ್ತಿತ್ತು.

ಮಾಮ ಕೇಳಿದ್ರು, "ಬೀಟಾ ಅಂದ್ರೆ ಎಂತ ಮಾರಾಯ?"

ಅವರು ಅಂದ್ಕೊಂಡಿದ್ದು ಬೀಟಾಕ್ಯಾಮ್ ಅಂತ! ಇಲ್ಲಿರೋ ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ. ಸೋನಿಯವರು 1975ರಲ್ಲಿ ಬೀಟಾಮ್ಯಾಕ್ಸ್ ಅನ್ನೋ ಕ್ಯಾಸೆಟ್ ತಂದ್ರು. ಮನೆಗಳಲ್ಲಿ ಅದು ವಿಎಚ್‌ಎಸ್ ಎದುರು ಸೋತಿತು. ಆದ್ರೆ 1982ರಲ್ಲಿ ಬಂದ ಬೀಟಾಕ್ಯಾಮ್ ಟಿವಿ ಸ್ಟುಡಿಯೋಗಳನ್ನ ಗೆದ್ದುಬಿಟ್ಟಿತು. ಮದುವೆ ವಿಡಿಯೋದವರು ವಿಎಚ್‌ಎಸ್‌ನಲ್ಲಿ ಒದ್ದಾಡುವಾಗ 'ಬೀಟಾದಲ್ಲಿ ಶೂಟ್ ಮಾಡಿದ್ದು' ಅಂದ್ರೆ ಅದು ದೊಡ್ಡವರ ಕೆಲಸ, ಟಿವಿ ಮಟ್ಟದ್ದು ಅಂತ. ಅವರ ಕಾಲದ ವಿಡಿಯೋದವರಿಗೆ ಬೀಟಾ ಅಂದ್ರೆ ನಂಬಿಕೆಯ ಇನ್ನೊಂದು ಹೆಸರು. ನಾನು ಎಚ್ಚರಿಕೆ ಅಂತ ಬರೆದ ಪದವನ್ನ ಅವರು ಗ್ಯಾರಂಟಿ ಅಂತ ಓದಿದ್ರು.

ತಪ್ಪು ಯಾರದ್ದು? ನಮ್ಮ ಆಫೀಸಿನ ಪದವನ್ನ ಹೊರಗಿನವರ ಮುಂದೆ ಇಟ್ಟು, ಅವರಿಗೂ ಅದು ನಮ್ಮ ಹಾಗೇ ಕೇಳಿಸತ್ತೆ ಅಂದ್ಕೊಂಡವನದ್ದು.

ನಮ್ಮ ಈ ಉದ್ಯಮದಲ್ಲಿ ಬೀಟಾ ಅನ್ನೋ ಪದ ಸವೆದು ಹೋಗಿದೆ. ಜಿಮೇಲ್ 2004ರಿಂದ 2009ರವರೆಗೆ ಐದು ವರ್ಷ ಬೀಟಾ ಅಂತ ಹಾಕಿಕೊಂಡೇ ಇತ್ತು. ಕೋಟಿಗಟ್ಟಲೆ ಜನ ಅದರಲ್ಲೇ ದಿನದ ವ್ಯವಹಾರ ಮಾಡ್ತಿದ್ರು. ಬೀಟಾ ಅಂದ್ರೆ 'ಹೊಸದು' ಅಂತ ಜನ ಓದೋದಕ್ಕೆ ಶುರು ಮಾಡಿದ್ದು ನಾವು ಕಲಿಸಿದ್ದಕ್ಕೆ.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. ಆಪಲ್‌ನ ಫೈನಲ್ ಕಟ್ ಪ್ರೊ ಟೆನ್ 2011ರ ಜೂನ್ 21ಕ್ಕೆ ಬಂತು. ಬೀಟಾ ಅಂತ ಎಲ್ಲೂ ಬರೆದಿರಲಿಲ್ಲ, ಪೂರ್ತಿ ದುಡ್ಡಿಗೆ ಮಾರಿದ್ದು. ಒಳಗೆ ನೋಡಿದ್ರೆ ನಾಲ್ಕೈದು ಕ್ಯಾಮೆರಾದ ಚಿತ್ರ ಒಟ್ಟಿಗೆ ಎಡಿಟ್ ಮಾಡೋ ಸೌಲಭ್ಯ ಇಲ್ಲ. ಹಳೇ ಫೈನಲ್ ಕಟ್ 7ರ ಪ್ರಾಜೆಕ್ಟ್‌ಗಳು ಓಪನ್ ಆಗಲ್ಲ. ಜೊತೆಗೆ ಹಳೇ ಆವೃತ್ತಿಯ ಮಾರಾಟವನ್ನೂ ನಿಲ್ಲಿಸಿದ್ರು. ಮಲ್ಟಿಕ್ಯಾಮ್ ವಾಪಸ್ ಬಂದದ್ದು 2012ರ ಜನವರಿ ಕೊನೆಗೆ. ಹೊಸ ವಿನ್ಯಾಸದಲ್ಲಿ ಒಳ್ಳೇ ಯೋಚನೆಗಳು ಇದ್ವು, ಅದನ್ನೇ ಬಳಸೋರು ಇವತ್ತೂ ಇದ್ದಾರೆ. ಆದ್ರೆ ಆಗ ಎಡಿಟರ್‌ಗಳಿಗೆ ಸಿಟ್ಟು ಬಂದಿದ್ದು ಫೀಚರ್ ಕಡಿಮೆ ಅಂತ ಮಾತ್ರ ಅಲ್ಲ. ವಾಪಸ್ ಹೋಗೋ ದಾರಿ ಮುಚ್ಚಿದ್ರು ಅಂತ.

ಹ್ಯಾಂಡ್‌ಬ್ರೇಕ್ ನೋಡಿ. ವಿಡಿಯೋ ಫಾರ್ಮ್ಯಾಟ್ ಬದಲಾಯಿಸೋ ಉಚಿತ ಸಾಫ್ಟ್‌ವೇರ್. 2003ರಲ್ಲಿ ಶುರುವಾಗಿ, 1.0 ಅನ್ನೋ ನಂಬರ್ ಹಾಕಿಕೊಂಡದ್ದು 2016ರ ಡಿಸೆಂಬರ್‌ನಲ್ಲಿ. ಹದಿಮೂರು ವರ್ಷ 'ಇನ್ನೂ ಮುಗಿದಿಲ್ಲ' ಅಂತಿದ್ದ ಸಾಫ್ಟ್‌ವೇರನ್ನ ನಾವೆಲ್ಲ ಹೆದರದೆ ಬಳಸಿದ್ವಿ. ಯಾಕೆ? ಅದು ನಮ್ಮ ಮೂಲ ಫೈಲನ್ನ ಓದತ್ತೆ, ಬೇರೆ ಫೈಲ್ ಬರೆಯತ್ತೆ. ಕೆಟ್ರೆ ಹೊಸದು ಕೆಡತ್ತೆ, ಮೂಲ ಇದ್ದಲ್ಲೇ ಇರತ್ತೆ. ಡಾವಿಂಚಿ ರಿಸಾಲ್ವ್‌ನವರು ದೊಡ್ಡ ಆವೃತ್ತಿಗಳನ್ನ ಮೊದಲು ಬೀಟಾ ಅಂತ ಎಲ್ಲರಿಗೂ ಕೊಡ್ತಾರೆ, ಆದ್ರೆ ಮೊದಲು ಪ್ರಾಜೆಕ್ಟ್‌ಗಳ ಬ್ಯಾಕಪ್ ತೆಗೀರಿ ಅಂತ ಅವರೇ ಹೇಳ್ತಾರೆ. ಹೊಸದರಲ್ಲಿ ಬದಲಾಯಿಸಿದ ಪ್ರಾಜೆಕ್ಟ್ ಹಳೆಯದರಲ್ಲಿ ತೆರೆಯೋದಿಲ್ಲ ಅನ್ನೋದಕ್ಕೆ. ಪ್ರೀಮಿಯರ್‌ನ ಬೀಟಾ ಬೇರೆಯೇ ಐಕಾನ್‌ನಲ್ಲಿ, ಹಳೆಯದರ ಪಕ್ಕದಲ್ಲೇ ಕೂರತ್ತೆ.

ಅಂದ್ರೆ ಮುಗಿಯದ್ದನ್ನ ಕೊಡೋದು ತಪ್ಪಲ್ಲ. ಪೂರ್ತಿ ಮುಗೀಲಿ ಅಂತ ಕಾದ್ರೆ ಮಾಮನಿಗೆ ಕನ್ನಡ ಟೈಟಲ್ ಇವತ್ತಿಗೂ ಸಿಗ್ತಿರಲಿಲ್ಲ. ಪ್ರಶ್ನೆ ಇರೋದು ಯಾವುದು ಮುಗಿದಿಲ್ಲ ಅನ್ನೋದರಲ್ಲಿ. ನಮ್ಮಮ್ಮ ದೋಸೆ ಹುಯ್ಯುವಾಗ ಮೊದಲನೇದು ಕಾವಲಿಗೆ ಅಂಟಿ ಹರಿದು ಹೋಗೋದು. ಅದನ್ನ ನೆಂಟರ ಎಲೆಗೆ ಹಾಕ್ತಿರಲಿಲ್ಲ. ಅಡುಗೆಮನೆಯಲ್ಲಿ ಓಡಾಡ್ತಿದ್ದ ನನಗೇ ಕೊಡ್ತಿದ್ರು. ಹರಿದ ದೋಸೆ ತಿನ್ನಬಹುದು, ತೊಂದರೆ ಇಲ್ಲ. ಹಿಟ್ಟೇ ಹಾಳಾಗಿದ್ರೆ? ಅದನ್ನ ಮನೆಯವರಿಗೂ ಕೊಡಲ್ಲ. ನನ್ನ ಸಬ್‌ಟೈಟಲ್ ಭಾಗ ಹರಿದ ದೋಸೆ. ಕಾಪಿ ಮಾಡೋ ಭಾಗ ಹಾಳಾದ ಹಿಟ್ಟು. ಎರಡಕ್ಕೂ ಒಂದೇ 'ಬೀಟಾ' ಅನ್ನೋ ಚೀಟಿ ಅಂಟಿಸಿದ್ದು ನನ್ನ ತಪ್ಪು.

ಈಗ ನಾನು ಪಾಲಿಸೋದು ನಾಲ್ಕು ವಿಷಯ. ಮೊದಲನೇದು, ಬಳಸೋರ ಮೂಲ ಫೈಲನ್ನ ಬೀಟಾ ಮುಟ್ಟೋ ಹಾಗಿಲ್ಲ. ಮುಟ್ಟೋ ಭಾಗ ಇದ್ರೆ ಅದು ಮೊದಲು ಮುಗೀಬೇಕು. ಎರಡನೇದು, ಪೂರ್ತಿ ಬೈಟ್ ಬೈಟ್ ಹೋಲಿಸಿ ನೋಡದೆ ಹಸಿರು ಟಿಕ್ ಇಲ್ಲ. ಗೊತ್ತಿಲ್ಲದಿದ್ರೆ 'ಗೊತ್ತಿಲ್ಲ' ಅಂತಲೇ ತೋರಿಸ್ಬೇಕು. ಮೂರನೇದು, ಅವರ ಡಿಸ್ಕ್, ಅವರ ಕಾರ್ಡ್, ಅವರ ಉದ್ದದ ಫೈಲ್‌ನಲ್ಲಿ ಟೆಸ್ಟ್ ಮಾಡ್ಬೇಕು, ಅವರ ಪಕ್ಕ ಕೂತು. ನಾಲ್ಕನೇದು, ಬೀಟಾ ಅಂತ ಬರೆಯೋದಿಲ್ಲ. ಈಗ ಓಪನ್ ಮಾಡಿದ್ರೆ ಕನ್ನಡದಲ್ಲಿ ಹೀಗೆ ಬರತ್ತೆ: 'ಇದು ಇನ್ನೂ ಮುಗಿದಿಲ್ಲ. ಫೈಲ್‌ಗಳು ಹಾಳಾಗಬಹುದು. ಕಾರ್ಡ್ ಅಳಿಸುವ ಮೊದಲು ವಿಡಿಯೋ ಕೊನೆಯವರೆಗೆ ಓಡಿಸಿ ನೋಡಿ.' ಆ ಮೂರು ವಾಕ್ಯವನ್ನ ಹೇಳಿಕೊಟ್ಟದ್ದು ಮಾಮ.

ಹಿರಿಯರ ಕಥೆ ಏನಾಯ್ತು ಅಂತ ಕೇಳ್ತೀರಿ. ನಾನೂ ಮಾಮನೂ ಹಣ್ಣು ತಗೊಂಡು ಅವರ ಮನೆಗೆ ಹೋದ್ವಿ. ನಡೆದದ್ದು ಹೇಳಿದೆ. ದೊಡ್ಡ ಮನಸ್ಸು ಅವರದ್ದು, ಇನ್ನೊಂದು ಸಲ ಕ್ಯಾಮೆರಾ ಮುಂದೆ ಕೂತ್ರು. ನಾಟಕದ ವಿಷಯ ಎಲ್ಲ ಹೇಳಿದ್ರು, ಹೆಸರುಗಳನ್ನೂ ನೆನಪು ಮಾಡಿಕೊಂಡು ಹೇಳಿದ್ರು. ಆದ್ರೆ ಮೊದಲ ಸಲ, ರಾತ್ರಿ ಶಾಲೆಯಲ್ಲಿ ತಮ್ಮ ಹೆಸರನ್ನ ತಾವೇ ಬರೆದ ದಿನದ ಬಗ್ಗೆ ಬಹಳ ಹೊತ್ತು ಮಾತಾಡಿದ್ರಂತೆ. ಮಾಮನ ಕಣ್ಣು ಒದ್ದೆ ಆಗಿತ್ತಂತೆ. ಈ ಸಲ ಅದನ್ನ ಕೇಳಿದಾಗ ಅವರು ಸ್ವಲ್ಪ ನಕ್ಕು, "ಅದು ಅವತ್ತೇ ಹೇಳಿದೆನಲ್ಲ" ಅಂದ್ರು. ಅಷ್ಟೇ. ಮತ್ತೆ ಒತ್ತಾಯ ಮಾಡೋ ಮನಸ್ಸು ನಮಗಿಬ್ಬರಿಗೂ ಬರಲಿಲ್ಲ.

ಸಾಫ್ಟ್‌ವೇರ್‌ಗೆ ಇನ್ನೊಂದು ರಿಲೀಸ್ ಇರತ್ತೆ. ಅದರೊಳಗೆ ಹಾದು ಹೋಗೋದಕ್ಕೆ ಯಾವಾಗಲೂ ಇರೋದಿಲ್ಲ.

ನಿಮ್ಮಲ್ಲಿ ಎಷ್ಟೋ ಜನ ನಾಳೆ ಸೋಮವಾರ ಬೆಳಗ್ಗೆ ಏನಾದ್ರೂ ಒಂದನ್ನ ರಿಲೀಸ್ ಮಾಡ್ತೀರಿ. ಮಾಡಿ. ಮಾಡೋ ಮುಂಚೆ ನಿಮ್ಮ ಮನೆಯ ಯಾರಾದ್ರೂ ಹಿರಿಯರಿಗೆ ಫೋನ್ ಮಾಡಿ, ಸ್ಕ್ರೀನ್ ಮೇಲೆ ಬರೆದದ್ದನ್ನ ಓದಿ ಹೇಳಿ, "ಇದು ನಿಮಗೆ ಏನಂತ ಅರ್ಥ ಆಯ್ತು?" ಅಂತ ಕೇಳಿ. ಐದು ನಿಮಿಷದ ಕೆಲಸ.

ಮಾಮ ಅಲ್ಲಿ ಹಿಂದೆ ನಿಂತಿದ್ದಾರೆ, ಈ ಮಾತನ್ನ ಶೂಟ್ ಮಾಡ್ತಿರೋರು ಅವರೇ. ಕಾಪಿ ಮಾಡೋದು ನನ್ನ ಸಾಫ್ಟ್‌ವೇರ್‌ನಲ್ಲೇ. ಈ ವಿಡಿಯೋ ನಿಮಗೆ ಕೊನೆಯವರೆಗೆ ಕಂಡ್ರೆ ನಾನು ಸ್ವಲ್ಪ ಕಲಿತಿದ್ದೀನಿ ಅಂತ ತಿಳ್ಕೊಳ್ಳಿ.

ಬನ್ನಿ, ಊಟಕ್ಕೆ ಹೋಗೋಣ.