ಮಂಗಳವಾರದ ಬ್ಲೂಸ್ ಮತ್ತು ಪಬ್ಬಿನ ಬಾಗಿಲು

(ಬರ್ಮಿಂಗ್‌ಹ್ಯಾಮಿನಲ್ಲಿ ನಡೆದ ಕನ್ನಡ ಓದುಗರ ಕೂಟವೊಂದರಲ್ಲಿ ಆಡಿದ ಮಾತುಗಳ ಲಿಖಿತ ರೂಪ)



ನಾನು ವಾಸವಾಗಿರುವ ಬಡಾವಣೆಯಲ್ಲಿ ಒಂದು ಹಳೆಯ ಪಬ್ ಇದೆ. ಅಲ್ಲಿ ಪ್ರತಿ ಮಂಗಳವಾರ ರಾತ್ರಿ ಎಂಟರಿಂದ ಹನ್ನೊಂದರವರೆಗೆ ಬ್ಲೂಸ್ ಮತ್ತು ಜಾಝ್ ನಡೆಯುತ್ತದೆ. ಆ ಪಬ್ಬಿನ ಪರವಾನಗಿಯನ್ನು ಮರುಪರಿಶೀಲಿಸಬೇಕೆಂದು ಈ ತಿಂಗಳು ಸ್ಥಳೀಯ ಆಡಳಿತಕ್ಕೆ ಅರ್ಜಿ ಸಲ್ಲಿಕೆಯಾಗಿದೆ. ಕಾರಣ, ಸದ್ದು. ಅರ್ಜಿಗೆ ಸಹಿ ಹಾಕಿದವರಲ್ಲಿ ಎರಡು ಕನ್ನಡದ ಮನೆಗಳಿವೆ. ನನ್ನನ್ನೂ ಸಹಿ ಹಾಕುವಂತೆ ಕೇಳಿದ್ದರು. ನಾನು ಹಾಕಲಿಲ್ಲ. ಏಕೆ ಹಾಕಲಿಲ್ಲ ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಲು ಅಂದು ನನ್ನಿಂದಾಗಲಿಲ್ಲ. ಇಂದು ಇಲ್ಲಿ ಸ್ವಲ್ಪ ದೀರ್ಘವಾಗಿ ಹೇಳಲು ಯತ್ನಿಸುತ್ತೇನೆ.

ಮೊದಲು ಮಂಗಳವಾರ ಅಲ್ಲಿ ನಡೆಯುವುದೇನೆಂದು ವಿವರಿಸುತ್ತೇನೆ. ಪಬ್ಬಿನ ಹಿಂಬದಿಯ ಕೋಣೆಯಲ್ಲಿ ನಾಲ್ವರು ಕಾಯಂ ವಾದಕರಿದ್ದಾರೆ: ಡ್ರಮ್ಸ್, ಬೇಸ್, ಪಿಯಾನೊ, ಗಿಟಾರ್. ಮೊದಲ ಮುಕ್ಕಾಲು ಗಂಟೆ ಅವರದು. ಆಮೇಲೆ ಮೇಜಿನ ಮೇಲೊಂದು ಹಾಳೆ ಇಡುತ್ತಾರೆ. ನುಡಿಸಬೇಕೆನ್ನುವವರು ತಮ್ಮ ಹೆಸರು, ವಾದ್ಯ ಬರೆಯಬೇಕು. ಸರದಿ ಬಂದವರು ವೇದಿಕೆಯೇರಿ ಶ್ರುತಿ ಯಾವುದು, ಲಯದ ನಡೆ ಎಂಥದು ಎಂದು ಎರಡು ಮಾತು ಹೇಳುತ್ತಾರೆ. ಅಷ್ಟೇ. ಮುಂದಿನದು ಹನ್ನೆರಡು ಬಾರ್‌ಗಳ ಚೌಕಟ್ಟು ಮತ್ತು ಮೂರು ಮುಖ್ಯ ಕಾರ್ಡುಗಳು. ಒಂದು ಸಾಲು, ಅದೇ ಸಾಲು ಮತ್ತೊಮ್ಮೆ, ಅನಂತರ ಅದಕ್ಕೆ ಉತ್ತರವಾಗಿ ಮೂರನೆಯದು. ಈ ಚೌಕಟ್ಟನ್ನು ಬಲ್ಲವರು ಹಿಂದೆಂದೂ ಭೇಟಿಯಾಗದವರ ಜೊತೆಗೂ ನುಡಿಸಬಲ್ಲರು. ಬಸ್ ಓಡಿಸುವವರೊಬ್ಬರು ಹಾರ್ಮೋನಿಕಾ ಹಿಡಿದು ಬರುತ್ತಾರೆ. ಒಬ್ಬ ನಿವೃತ್ತ ನರ್ಸ್ ಹಾಡುತ್ತಾರೆ. ಕೊನೆಯಲ್ಲಿ ಬಿಯರ್ ಜಗ್ಗೊಂದು ಸುತ್ತು ಬರುತ್ತದೆ. ಜನ ಅದರಲ್ಲಿ ಹಾಕಿದ ಹಣವೇ ವಾದಕರ ಸಂಭಾವನೆ. ಟಿಕೆಟ್ ಇಲ್ಲ. ಒಂದು ನಿಂಬೆ ಶರಬತ್ತು ಕೊಂಡು ಮೂರು ಗಂಟೆ ಕೂತರೂ ಏಕೆಂದು ಕೇಳುವವರಿಲ್ಲ. ನಾನು ಹೆಚ್ಚಾಗಿ ಮಾಡುವುದು ಅದನ್ನೇ.

ಇಷ್ಟು ಸರಳವಾಗಿ ಒಳಹೋಗಿ ಕೂರುವ ಹಕ್ಕು ಈ ನೆಲದಲ್ಲಿ ನಮ್ಮಂಥವರಿಗೆ ಸುಲಭವಾಗಿ ದೊರೆತದ್ದಲ್ಲ. ನಾವು ಕುಳಿತಿರುವ ಈ ಸ್ಥಳದಿಂದ ಸ್ಮೆದಿಕ್ ಕೆಲವೇ ಮೈಲಿ ದೂರ. 1964ರ ಚುನಾವಣೆಯಲ್ಲಿ ವಲಸಿಗರ ವಿರುದ್ಧದ ದ್ವೇಷವೇ ಅಲ್ಲಿ ಮತ ತಂದುಕೊಟ್ಟಿತು. ಅಲ್ಲಿನ ಪಬ್ಬುಗಳಲ್ಲಿ ಕಪ್ಪು ಜನರಿಗೂ ಭಾರತೀಯರಿಗೂ ಕೆಲವು ಕೋಣೆಗಳ ಬಾಗಿಲು ಮುಚ್ಚಿತ್ತು. ಫೌಂಡ್ರಿಗಳಲ್ಲಿ ಬಿಳಿಯರ ಪಕ್ಕದಲ್ಲೇ ನಿಂತು ಕಬ್ಬಿಣ ಎರೆದವರು ಸಂಜೆ ಅವರ ಪಕ್ಕದ ಮೇಜಿನಲ್ಲಿ ಕೂರುವಂತಿರಲಿಲ್ಲ. ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್ ಇದನ್ನು ಎದುರಿಸಿತು. ಅವರ ಆಹ್ವಾನದ ಮೇರೆಗೆ ಮಾಲ್ಕಮ್ ಎಕ್ಸ್ 1965ರ ಫೆಬ್ರವರಿ 12ರಂದು ಸ್ಮೆದಿಕ್‌ಗೆ ಬಂದರು. ಸಂಘದ ಅವತಾರ್ ಸಿಂಗ್ ಜೌಹಲ್ ಅವರನ್ನು ಅಲ್ಲಿನ ಒಂದು ಪಬ್ಬಿಗೆ ಕರೆದೊಯ್ದರು. ಬಿಳಿಯರಿಗೆ ಮೀಸಲಾಗಿದ್ದ ಕೋಣೆಯಲ್ಲಿ ಅವರಿಗೆ ಪಾನೀಯ ಕೊಡಲು ನಿರಾಕರಿಸಲಾಯಿತು. ಒಂಬತ್ತು ದಿನಗಳ ಬಳಿಕ ನ್ಯೂಯಾರ್ಕಿನಲ್ಲಿ ಅವರ ಕೊಲೆಯಾಯಿತು.

ಅದಕ್ಕೂ ಮುನ್ನ, 1964ರಲ್ಲಿ, ಬ್ರಿಸ್ಟಲ್‌ನಲ್ಲಿ ಪಾಲ್ ಸ್ಟೀಫನ್‌ಸನ್ ಎಂಬ ಕಪ್ಪು ಹೋರಾಟಗಾರ ಪಬ್ಬೊಂದರಿಂದ ಎದ್ದುಹೋಗಲು ನಿರಾಕರಿಸಿದ್ದಕ್ಕೆ ಬಂಧನಕ್ಕೊಳಗಾದರು. ಮೊಕದ್ದಮೆ ನಿಲ್ಲಲಿಲ್ಲ. 1965ರ ಜನಾಂಗ ಸಂಬಂಧ ಕಾಯಿದೆ ಪಬ್ಬುಗಳೂ ಸೇರಿದಂತೆ ಸಾರ್ವಜನಿಕ ಸ್ಥಳಗಳಲ್ಲಿ ಇಂಥ ತಾರತಮ್ಯವನ್ನು ನಿಷೇಧಿಸಿತು. ಮನೆ ಬಾಡಿಗೆ ಮತ್ತು ಉದ್ಯೋಗಕ್ಕೆ ಆ ರಕ್ಷಣೆ ಸಿಗಲು 1968ರವರೆಗೆ ಕಾಯಬೇಕಾಯಿತು. ಅಂದರೆ, ಈ ದೇಶದಲ್ಲಿ ಸಮಾನತೆಯ ಕಾನೂನು ಮನೆಗಿಂತ, ಕಾರ್ಖಾನೆಗಿಂತ ಮೊದಲು ಪಬ್ಬಿನ ಬಾಗಿಲನ್ನು ಮುಟ್ಟಿತು. ನಮ್ಮೂರಿನ ಚಹಾ ಹೋಟೆಲುಗಳಲ್ಲಿ ದಲಿತರಿಗಾಗಿ ಬೇರೆ ಲೋಟ ಇಡುತ್ತಿದ್ದುದನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಸಂಗೀತದ ಮಾತು. ಲಂಡನ್ನಿನ ಸೋಹೊದಲ್ಲಿ 'ರೌಂಡ್‌ಹೌಸ್' ಎಂಬ ಪಬ್ಬಿನ ಮಹಡಿಯ ಕೋಣೆಯಲ್ಲಿ 1950ರ ದಶಕದ ಕೊನೆಗೆ ಅಲೆಕ್ಸಿಸ್ ಕಾರ್ನರ್ ಮತ್ತು ಸಿರಿಲ್ ಡೇವಿಸ್ ಬ್ಲೂಸ್ ಕ್ಲಬ್ ನಡೆಸಿದರು. ಬಿಗ್ ಬಿಲ್ ಬ್ರೂಂಜಿ 1951ರಲ್ಲಿ, ಮಡ್ಡಿ ವಾಟರ್ಸ್ 1958ರಲ್ಲಿ ಬ್ರಿಟನ್ನಿಗೆ ಬಂದು ಹಾಡಿದರು. ಮಿಸಿಸಿಪ್ಪಿಯ ಹತ್ತಿ ಹೊಲಗಳಲ್ಲಿ ದುಡಿದವರ ಮಕ್ಕಳು ಕಟ್ಟಿದ ಹಾಡನ್ನು ಇಲ್ಲಿನ ಬಿಳಿಯ ಹುಡುಗರು ಪಬ್ಬಿನ ಕೋಣೆಗಳಲ್ಲಿ ಕಲಿತರು. ಅವರಲ್ಲಿ ಕೆಲವರು ಜಗತ್ಪ್ರಸಿದ್ಧರಾದರು, ಶ್ರೀಮಂತರಾದರು. ಹಾಗಾಗದೆ ಉಳಿದವರ ಕಡೆಗೂ ನೋಡಬೇಕು.

ಜೋ ಹ್ಯಾರಿಯಟ್ ಜಮೈಕಾದವರು. 1951ರಲ್ಲಿ ಇಲ್ಲಿಗೆ ಬಂದ ಅಪ್ರತಿಮ ಸ್ಯಾಕ್ಸೊಫೋನ್ ವಾದಕ. ಕೋಲ್ಕತ್ತದಲ್ಲಿ ಹುಟ್ಟಿದ ಜಾನ್ ಮೇಯರ್ ಅವರೊಡಗೂಡಿ 1960ರ ದಶಕದ ನಡುವಿನಲ್ಲಿ 'ಇಂಡೋ-ಜಾಝ್ ಫ್ಯೂಷನ್ಸ್' ಕಟ್ಟಿದರು. ಐವರು ಜಾಝ್ ವಾದಕರು, ಐವರು ಭಾರತೀಯ ವಾದ್ಯಗಳವರು. ಮುಂದೆ ಮೇಯರ್ ನಮ್ಮ ಈ ಊರಿನ ಕನ್ಸರ್ವಟೋರಿಯಂನಲ್ಲಿ ಪಾಠ ಹೇಳಿದರು. ಹ್ಯಾರಿಯಟ್ ಮಾತ್ರ ಕೊನೆಯ ವರ್ಷಗಳಲ್ಲಿ ಊರೂರು ಅಲೆದು, ಸಿಕ್ಕ ವಾದಕರೊಂದಿಗೆ, ಸಿಕ್ಕಷ್ಟು ಹಣಕ್ಕೆ ನುಡಿಸಿ, 1973ರ ಜನವರಿಯಲ್ಲಿ 44ನೇ ವಯಸ್ಸಿನಲ್ಲಿ ಬಡತನದಲ್ಲೇ ತೀರಿಕೊಂಡರು. ಭಾರತೀಯ ಸಂಗೀತ ಮತ್ತು ಜಾಝ್ ಒಂದುಗೂಡಿದ ಕಥೆಯಲ್ಲಿ ನಮ್ಮ ಬೆಂಗಳೂರಿಗೂ ಪಾಲಿದೆ. ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಮಾಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್, ಅಮೆರಿಕದ ಚಾರ್ಲಿ ಮರಿಯಾನೊ ಅವರೊಂದಿಗೆ 1983ರಲ್ಲಿ 'ಜ್ಯೋತಿ' ಎಂಬ ಆಲ್ಬಮ್ ತಂದಿತು. ಇಂಥ ಸಂಗಮಗಳನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಹ್ಯಾರಿಯಟ್ ತೆತ್ತ ಬೆಲೆಯನ್ನು ಅಷ್ಟಾಗಿ ನೆನೆಯುವುದಿಲ್ಲ.

ಆ್ಯಂಡಿ ಹ್ಯಾಮಿಲ್ಟನ್ ಅವರ ಹೆಸರು ಇಲ್ಲಿ ಹಲವರಿಗೆ ಗೊತ್ತಿರಬಹುದು. ಅವರೂ ಜಮೈಕಾದವರು, 1918ರಲ್ಲಿ ಹುಟ್ಟಿದವರು. 1949ರಲ್ಲಿ ಹಡಗಿನಲ್ಲಿ ಅಡಗಿ ಕುಳಿತು ಬ್ರಿಟನ್ನಿಗೆ ಬಂದರು. ಬರ್ಮಿಂಗ್‌ಹ್ಯಾಮಿನಲ್ಲಿ ಹಗಲು ಕಾರ್ಖಾನೆ, ರಾತ್ರಿ ಸ್ಯಾಕ್ಸೊಫೋನ್. ಅವರ ಮೊದಲ ಆಲ್ಬಮ್ 'ಸಿಲ್ವರ್‌ಶೈನ್' ಹೊರಬಂದದ್ದು 1991ರಲ್ಲಿ, ಎಪ್ಪತ್ತು ದಾಟಿದ ಮೇಲೆ. ಸ್ಮೆದಿಕ್‌ನ ಭಾಗವೇ ಆದ ಬೇರ್‌ವುಡ್‌ನ ಪಬ್ಬಿನಲ್ಲಿ ಅವರು ಹಲವು ವರ್ಷ ವಾರಕ್ಕೊಮ್ಮೆ ನುಡಿಸಿದರು. ಎಷ್ಟೋ ಮಂದಿ ಎಳೆಯರಿಗೆ ಕಲಿಸಿದರು. ಮಾಲ್ಕಮ್ ಎಕ್ಸ್‌ಗೆ ಒಂದು ಲೋಟ ಪಾನೀಯ ಸಿಗದ ಊರಿನಲ್ಲಿ ಒಬ್ಬ ಕಪ್ಪು ಮುದುಕ ಪ್ರತಿವಾರ ವೇದಿಕೆಯ ಯಜಮಾನನಾಗಿದ್ದ. ಅವರು ತೀರಿಕೊಂಡದ್ದು 2012ರಲ್ಲಿ. ಆ ಬದಲಾವಣೆ ಕಾಲ ಸರಿದಂತೆ ತಾನಾಗಿಯೇ ಬಂದದ್ದಲ್ಲ. ಸರದಿಯಲ್ಲಿ ನಿಂತು, ನಿರಾಕರಣೆಯನ್ನು ದಾಖಲಿಸಿ, ಮತ್ತೆ ಮತ್ತೆ ಬಾಗಿಲು ತಟ್ಟಿದ ಕಾರ್ಮಿಕರು ಅದನ್ನು ತಂದರು.

ಹೀಗೆಂದು ಸಂಗೀತವೇ ಮನುಷ್ಯರನ್ನು ಒಂದುಗೂಡಿಸುತ್ತದೆ ಎಂಬ ಸುಲಭದ ಮಾತನ್ನು ನಾನು ಒಪ್ಪುವುದಿಲ್ಲ. 1976ರ ಆಗಸ್ಟ್ 5ರಂದು ಇದೇ ಬರ್ಮಿಂಗ್‌ಹ್ಯಾಮಿನ ಓಡಿಯನ್ ವೇದಿಕೆಯ ಮೇಲೆ ಎರಿಕ್ ಕ್ಲಾಪ್ಟನ್ ವಲಸಿಗರನ್ನು ಹೀನಾಯವಾಗಿ ನಿಂದಿಸಿ, ಈನಾಕ್ ಪೊವೆಲ್‌ನನ್ನು ಹೊಗಳಿದರು. ಅವರ ಕಲೆಯ ಬೇರು ಕಪ್ಪು ಜನರ ಬ್ಲೂಸ್. ಎರಡು ವರ್ಷ ಹಿಂದಷ್ಟೇ ಬಾಬ್ ಮಾರ್ಲಿಯ ಹಾಡೊಂದನ್ನು ಹಾಡಿ ಅವರು ದೊಡ್ಡ ಯಶಸ್ಸು ಗಳಿಸಿದ್ದರು. ಬಹಳ ವರ್ಷಗಳ ನಂತರ ಆ ಮಾತುಗಳಿಗೆ ನಾಚಿಕೆಪಟ್ಟದ್ದಾಗಿ ಹೇಳಿಕೊಂಡರು. ಆದರೆ ಅಂದು ರೆಡ್ ಸಾಂಡರ್ಸ್ ಮತ್ತು ಗೆಳೆಯರು ಸಂಗೀತ ಪತ್ರಿಕೆಗಳಿಗೆ ಬರೆದ ಪ್ರತಿಭಟನೆಯ ಪತ್ರದಿಂದ 'ರಾಕ್ ಅಗೇನ್ಸ್ಟ್ ರೇಸಿಸಮ್' ಚಳವಳಿ ಹುಟ್ಟಿತು. ಇನ್ನೊಬ್ಬರ ನೋವಿನ ಹಾಡನ್ನು ಸೊಗಸಾಗಿ ಹಾಡಬಲ್ಲವರಿಗೆ ಆ ಇನ್ನೊಬ್ಬರನ್ನು ನೆರೆಯವರಾಗಿ ಒಪ್ಪಲು ಸಾಧ್ಯವಾಗದೆ ಹೋಗಬಹುದು.

ನನ್ನ ಮಂಗಳವಾರಗಳಲ್ಲೂ ಇದನ್ನು ಕಂಡಿದ್ದೇನೆ. ಕೋಣೆಯಲ್ಲಿ ಕೂತವರು ಬಹುಪಾಲು ಅರವತ್ತು ದಾಟಿದ ಬಿಳಿಯ ಗಂಡಸರು. ಮೊದಲ ಸಲ ಹೋದಾಗ ಒಬ್ಬರು, ಊಟದ ಹೋಟೆಲು ಎದುರು ಸಾಲಿನಲ್ಲಿದೆ ಎಂದು ದಾರಿ ತೋರಿಸಿದರು. ಕೇಡು ಬಗೆದು ಹೇಳಿದ್ದಲ್ಲ. ಆದರೂ ಆ ರಾತ್ರಿ ನಾನು ಒಂದೇ ಹಾಡು ಕೇಳಿ ಹೊರಬಂದೆ. ಮುಂದಿನ ವಾರ ಮತ್ತೆ ಹೋದೆ. ಈಗ ಅದೇ ಮನುಷ್ಯ ನಾನು ಬರುವುದು ತಡವಾದರೆ ಕುರ್ಚಿ ಹಿಡಿದಿಟ್ಟಿರುತ್ತಾರೆ. ಈ ಎರಡು ಘಟನೆಗಳಲ್ಲಿ ಒಂದನ್ನು ಮಾತ್ರ ಹೇಳಿದರೆ ಅದು ಸುಳ್ಳಾಗುತ್ತದೆ.

ಇನ್ನು ನಮ್ಮ ಕಡೆಯ ಮಾತು. ನಾನು ಕರಾವಳಿಯವಳು. 2009ರ ಜನವರಿ 24ರಂದು ಮಂಗಳೂರಿನ ಪಬ್ಬೊಂದಕ್ಕೆ ಸಂಸ್ಕೃತಿ ರಕ್ಷಣೆಯ ಹೆಸರಿನಲ್ಲಿ ನುಗ್ಗಿದವರು ಹೆಣ್ಣುಮಕ್ಕಳನ್ನು ಅಟ್ಟಾಡಿಸಿ ಹೊಡೆದರು. ಆಗ ನಾನು ಈ ದೇಶದಲ್ಲಿ ಸಂಶೋಧನಾ ವಿದ್ಯಾರ್ಥಿನಿ. ಆ ದೃಶ್ಯವನ್ನು ವಿಶ್ವವಿದ್ಯಾಲಯದ ಕಂಪ್ಯೂಟರ್ ಕೋಣೆಯಲ್ಲಿ ನೋಡಿದೆ. ಅಲ್ಲಿಯವರೆಗೆ ಪಬ್ಬಿಗೆ ಕಾಲಿಡದಿದ್ದವಳು ಆ ವಾರವೇ ಮೊದಲ ಬಾರಿಗೆ ಒಳಹೋದೆ. ಕುಡಿಯುವುದಕ್ಕಲ್ಲ. ಒಂದು ಬಾಗಿಲ ಮುಂದೆ ಹೆಣ್ಣನ್ನು ತಡೆಯುವವರಿದ್ದಾರೆ ಎಂದ ಮೇಲೆ ಆ ಬಾಗಿಲು ನನ್ನದೂ ಹೌದು ಎಂದು ಅನ್ನಿಸಿತು. ಮದ್ಯದಿಂದ ಹಾಳಾದ ಮನೆಗಳನ್ನು, ಸಾರಾಯಿ ವಿರುದ್ಧ ಬೀದಿಗಿಳಿದ ಹೆಂಗಸರನ್ನು ನಾನು ಬಲ್ಲೆ. ಅವರ ಸಿಟ್ಟು ನನ್ನದೂ ಹೌದು. ಆದರೆ ಆ ಸಿಟ್ಟಿಗೂ ಹೆಣ್ಣನ್ನು ಕಾಯುತ್ತೇವೆಂದು ಕೈಯೆತ್ತುವವರ ಸಿಟ್ಟಿಗೂ ಸಂಬಂಧವಿಲ್ಲ. ಇಲ್ಲಿನ ನಮ್ಮ ಹಬ್ಬದ ಊಟದಲ್ಲಿ ಹಿರಿಯರೊಬ್ಬರು, "ಏನಮ್ಮಾ, ನೀನು ಒಬ್ಬಳೇ ಪಬ್ಬಿಗೆ ಹೋಗ್ತೀಯಂತೆ?" ಎಂದು ಕೇಳಿದರು. "ಹೌದು ಅಮ್ಮ, ಹಾಡು ಕೇಳೋಕೆ. ನೀವೂ ಬನ್ನಿ" ಎಂದೆ. ಅವರು ನಕ್ಕರು. ಬರಲಿಲ್ಲ. ಇನ್ನೂ ಬರಬಹುದು ಎಂಬ ಆಸೆ ನನಗಿದೆ.

ಕ್ಲಾಪ್ಟನ್ ಕಥೆ ಹೇಳಿ ಬಿಳಿಯರ ಕಡೆ ಬೆರಳು ತೋರಿಸಿ ಕೂತರೆ ನಮ್ಮ ಕೆಲಸ ಅರ್ಧವಾದಂತೆ. ನಾವು ಈ ಕೂಟದಲ್ಲಿ ವಚನ ಓದುತ್ತೇವೆ, ತಲೆದೂಗುತ್ತೇವೆ. ಊಟದ ಹೊತ್ತಿಗೆ ಹೊಸಬರೊಬ್ಬರು ಬಂದರೆ ಅವರ ಊರು ಕೇಳಿ, ಮನೆತನ ಕೇಳಿ, ಕೊನೆಗೆ ಜಾತಿ ತಿಳಿಯುವವರೆಗೆ ನಮಗೆ ಸಮಾಧಾನವಿಲ್ಲ. ನಮ್ಮ ವಾರ್ಷಿಕೋತ್ಸವಗಳ ವೇದಿಕೆಯಲ್ಲಿ ವೀಣೆಗೆ ಜಾಗವಿದೆ, ತಮಟೆಗೆ ಎಷ್ಟು ಬಾರಿ ಇತ್ತು? ಜಾತಿ ತಾರತಮ್ಯವನ್ನು ಸಮಾನತಾ ಕಾಯಿದೆಯಲ್ಲಿ ಸೇರಿಸಬೇಕೆಂದು ಬ್ರಿಟಿಷ್ ಸಂಸತ್ತು 2013ರಲ್ಲಿ ಕಾನೂನು ಮಾಡಿತು. ಅದನ್ನು ಜಾರಿಗೆ ತರದೆ ಕೈಬಿಡುವುದಾಗಿ ಸರ್ಕಾರ 2018ರಲ್ಲಿ ಘೋಷಿಸಿತು. ಆಗ ನಮ್ಮ ಮನೆಗಳಲ್ಲಿ ಎಷ್ಟು ಜನ ಬೇಸರಪಟ್ಟರು, ಎಷ್ಟು ಜನ ನೆಮ್ಮದಿಯ ಉಸಿರು ಬಿಟ್ಟರು? 1965ರ ಕಾಯಿದೆಯ ನೆರಳಿನಲ್ಲಿ ಬಾಳು ಕಟ್ಟಿಕೊಂಡವರು ನಾವು. ನಮ್ಮೊಳಗಿನವರಿಗೆ ಅಂಥದೇ ನೆರಳು ಬೇಕೆಂದಾಗ ನಾವು ಹಿಂದೆಗೆದೆವು.

ಮತ್ತೆ ಅರ್ಜಿಗೆ ಬರುತ್ತೇನೆ. ಪಬ್ಬಿನ ಹಿಂದೆ ಮೊದಲು ಒಂದು ವರ್ಕ್‌ಶಾಪ್ ಇತ್ತು. ಈಗ ಅಲ್ಲಿ ಫ್ಲ್ಯಾಟುಗಳೆದ್ದಿವೆ. ಸಹಿ ಹಾಕಿದ ಒಂದು ಮನೆಗೆ ನಾನೇ ಹೋಗಿದ್ದೆ. ಕೂಸು ಮಲಗುವ ಕೋಣೆಯ ಕಿಟಕಿ ನೇರ ಪಬ್ಬಿನ ಹಿತ್ತಿಲಿಗೆ ತೆರೆಯುತ್ತದೆ. ತಾಯಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವವರು. "ಅಕ್ಕಾ, ನಿಮಗೆ ಸಂಗೀತ, ನಮಗೆ ನಿದ್ದೆ" ಎಂದರು. ಅದು ನ್ಯಾಯವಾದ ಮಾತು. ಅದಕ್ಕೆ ಇತಿಹಾಸದ ಪಾಠ ಉತ್ತರವಾಗಲಾರದು. ಆದರೆ ಕಾಫಿ ಕುಡಿಯುತ್ತಾ ಮಾತನಾಡಿದಾಗ ತಿಳಿದದ್ದು ಬೇರೆ: ಅವರನ್ನು ಎಬ್ಬಿಸುತ್ತಿದ್ದದ್ದು ಮಂಗಳವಾರದ ಪಿಯಾನೊ ಅಲ್ಲ, ವಾರಾಂತ್ಯದಲ್ಲಿ ಮಧ್ಯರಾತ್ರಿ ಹಿತ್ತಿಲಲ್ಲಿ ಬಾಟಲಿ ಸುರಿಯುವ ಸದ್ದು. ಅರ್ಜಿಯನ್ನು ಬೇರೊಬ್ಬರು ಬರೆದು ತಂದಿದ್ದರು. ಇವರು ಪೂರ್ತಿ ಓದದೆ ಸಹಿ ಹಾಕಿದ್ದರು.

ಕಾನೂನನ್ನು ಸ್ವಲ್ಪ ತಿಳಿದಿರಬೇಕು. ಹಿಂದೆ ಇಬ್ಬರಿಗಿಂತ ಹೆಚ್ಚು ವಾದಕರು ನುಡಿಸಬೇಕಾದರೆ ಪಬ್ಬಿಗೆ ಪ್ರತ್ಯೇಕ ಪರವಾನಗಿ ಬೇಕಿತ್ತು. 2003ರ ಪರವಾನಗಿ ಕಾಯಿದೆ ಆ ವಿನಾಯಿತಿಯನ್ನೂ ತೆಗೆಯಿತು. 2012ರ ಲೈವ್ ಮ್ಯೂಸಿಕ್ ಕಾಯಿದೆ ಬಂದ ಮೇಲೆ, ಮದ್ಯದ ಪರವಾನಗಿಯುಳ್ಳ ಸಣ್ಣ ಸ್ಥಳಗಳಲ್ಲಿ ಬೆಳಗ್ಗೆ 8ರಿಂದ ರಾತ್ರಿ 11ರವರೆಗೆ ಸಂಗೀತಕ್ಕೆ ಬೇರೆ ಅನುಮತಿ ಬೇಡವಾಯಿತು. ಮೊದಲು 200 ಇದ್ದ ಕೇಳುಗರ ಮಿತಿ 2015ರಲ್ಲಿ 500 ಆಯಿತು. ಆದರೆ ಪರವಾನಗಿಯ ಮರುಪರಿಶೀಲನೆಯಲ್ಲಿ ಆ ಸ್ವಾತಂತ್ರ್ಯವನ್ನು ಹಿಂತೆಗೆಯುವ ಅಧಿಕಾರ ಆಡಳಿತಕ್ಕಿದೆ. ಅರ್ಜಿ ಸಲ್ಲಿಕೆಯಾದ ಮೇಲೆ 28 ದಿನಗಳ ಅವಧಿಯಲ್ಲಿ ಯಾರು ಬೇಕಾದರೂ ಅಭಿಪ್ರಾಯ ಬರೆದು ಕಳಿಸಬಹುದು, ವಿರುದ್ಧವಾಗಿಯೂ ಪರವಾಗಿಯೂ. ಹೊಸ ಮನೆ ಕಟ್ಟುವವರೇ ಸದ್ದು ತಡೆಯುವ ವ್ಯವಸ್ಥೆ ಮಾಡಬೇಕೆಂಬ ತತ್ವ 2018ರಿಂದ ಇಂಗ್ಲೆಂಡಿನ ಯೋಜನಾ ನೀತಿಯಲ್ಲಿದೆ. ಹಾಗಿದ್ದರೂ ತೆಳ್ಳನೆಯ ಕಿಟಕಿಗೆ ಹಣ ಕೊಟ್ಟ ತಾಯಿಯೂ ಜಗ್ಗಿನ ಚಿಲ್ಲರೆ ಎಣಿಸುವ ವಾದಕನೂ ಎದುರುಬದುರಾಗಿ ನಿಂತಿದ್ದಾರೆ. ಇಬ್ಬರ ನಡುವಿನಿಂದ ಲಾಭ ಪಡೆದವರು ಈ ಜಗಳದಲ್ಲಿ ಎಲ್ಲೂ ಕಾಣುವುದಿಲ್ಲ.

ನಾನು ಬರೆದ ಪತ್ರದಲ್ಲಿ ಮೂರು ಮಾತಿವೆ. ರಾತ್ರಿ ಬಾಟಲಿ ಸುರಿಯುವುದನ್ನು ನಿಲ್ಲಿಸಿ ಬೆಳಗ್ಗೆ ಮಾಡಲಿ. ಸಂಗೀತದ ವೇಳೆ ಹಿತ್ತಿಲ ಬಾಗಿಲು ಮುಚ್ಚಿರಲಿ. ಮಂಗಳವಾರದ ಹಾಳೆ ಮೇಜಿನ ಮೇಲೆ ಉಳಿಯಲಿ. ಆ ತಾಯಿ ಇದನ್ನು ಓದಿ ತಾವೂ ಒಂದು ಪತ್ರ ಬರೆದಿದ್ದಾರೆ. ಸಹಿ ಹಾಕಿದ ಇನ್ನೊಂದು ಮನೆಯವರು ಇನ್ನೂ ಒಪ್ಪಿಲ್ಲ. ನಿಮ್ಮಲ್ಲಿ ಆ ಬಡಾವಣೆಯ ಸುತ್ತ ಇರುವವರು ದಯವಿಟ್ಟು ಬರೆಯಿರಿ. ಅದಕ್ಕೂ ಮೊದಲು ಒಂದು ಮಂಗಳವಾರ ಬಂದು ಕೇಳಿ. ಕೇಳಿದ ಮೇಲೆ ಇದು ಉಳಿಯಬೇಕಾದದ್ದಲ್ಲ ಎಂದು ನಿಮಗನ್ನಿಸಿದರೆ ಹಾಗೆಯೇ ಬರೆಯಿರಿ, ನನ್ನ ಆಕ್ಷೇಪವಿಲ್ಲ.

ಬರುವಾಗ ಒಬ್ಬರೇ ಬರಬೇಡಿ. ಮನೆಯ ಹೆಣ್ಣುಮಕ್ಕಳನ್ನು ಕರೆತನ್ನಿ. ತಮಟೆ ಬಲ್ಲವರಿದ್ದರೆ ಅವರನ್ನೂ ಕರೆತನ್ನಿ. ಹಾಳೆಯಲ್ಲಿ ಹೆಸರು ಮತ್ತು ವಾದ್ಯ ಮಾತ್ರ ಬರೆಯಬೇಕು, ಬೇರೇನನ್ನೂ ಕೇಳುವುದಿಲ್ಲ. ಕರಾವಳಿಯ ಸೊಸೈಟಿ ಹೋಟೆಲಿನಿಂದ ಸ್ಮೆದಿಕ್‌ನ ಪಬ್ಬಿನವರೆಗೆ, ಬೇರೇನನ್ನೂ ಕೇಳದ ಇಂಥ ಒಂದು ಹಾಳೆಗಾಗಿ ಜನ ಎಷ್ಟು ಕಾದಿದ್ದಾರೆ ಎಂಬುದನ್ನು ನಾವು ಮರೆಯದಿದ್ದರೆ ಸಾಕು.